ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ನಾನು ಅನುಸರಿಸುವ ಕ್ರಮ

ರೆಕಾರ್ಡನ್ನು ತೊಳೆಯದೆ ನೇರವಾಗಿ ಇಳಿಸಿಕೊಂಡರೆ, ಉಳಿಸಿದ ಅರ್ಧ ಗಂಟೆಗೆ ಆಮೇಲೆ ಇಡೀ ದಿನ ಮೌಸ್ ಹಿಡಿದು ಕೂತು ದಂಡ ತೆರಬೇಕಾಗುತ್ತದೆ. ಹಳೆಯ ತಟ್ಟೆಯಿಂದ ಬರುವ ಚಟಪಟ ಸದ್ದಿಗೆಲ್ಲ ಗೀರೇ ಕಾರಣವಲ್ಲ. ಗ್ರೂವಿನೊಳಗೆ, ಅಂದರೆ ಹಾಡು ಕೊರೆದಿರುವ ಸಣ್ಣ ಕಾಲುವೆಯೊಳಗೆ, ಕೂತ ದೂಳು, ಬೆರಳಿನ ಜಿಡ್ಡು, ಒಳಕವರಿನ ಕಾಗದದ ನಾರು, ಬೂಷ್ಟು ಇವೂ ಅಷ್ಟೇ ಸದ್ದು ಮಾಡುತ್ತವೆ, ಮತ್ತು ಇವು ನೀರಿಗೆ ಬಿಟ್ಟುಹೋಗುವಂಥವು. ಗೀರಿಗೆ ಮಾತ್ರ ಸಾಫ್ಟ್‌ವೇರ್ ಬೇಕು. ಹಾಗಾಗಿ ಮೊದಲು ತೊಳೆಯುವುದು, ಆಮೇಲೆ ಸ್ಟೈಲಸ್ (ಗ್ರೂವಿನಲ್ಲಿ ಓಡುವ ಮುಳ್ಳು), ಆಮೇಲೆ ರೆಕಾರ್ಡಿಂಗ್ ಮಟ್ಟ, ಕಟ್ಟಕಡೆಗೆ ಸಾಫ್ಟ್‌ವೇರ್.

ವಿನೈಲ್ ಎಲ್‌ಪಿಗೆ (ನಿಮಿಷಕ್ಕೆ 33⅓ ಸುತ್ತು ತಿರುಗುವ ಪ್ಲಾಸ್ಟಿಕ್ ತಟ್ಟೆಗೆ) ನಾನು ಬಳಸುವ ದ್ರಾವಣ: 1 ಲೀಟರ್ ಡಿಸ್ಟಿಲ್ಡ್ ವಾಟರ್, 200 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಫೋಟೊ ಡಾರ್ಕ್‌ರೂಮಿನಲ್ಲಿ ಬಳಸುವ ಫೋಟೊ-ಫ್ಲೊ ಥರದ ವೆಟಿಂಗ್ ಏಜೆಂಟ್ ಐದಾರು ಹನಿ. ಈ ಹನಿ ಇಲ್ಲದಿದ್ದರೆ ನೀರು ಮಣಿಮಣಿಯಾಗಿ ಮೇಲೆಯೇ ನಿಲ್ಲುತ್ತದೆ, ಗ್ರೂವಿನ ತಳಕ್ಕೆ ಇಳಿಯುವುದಿಲ್ಲ. ಪಾತ್ರೆ ತೊಳೆಯುವ ಸೋಪು ಬೇಡ. ಅದರ ಬಣ್ಣ, ಪರಿಮಳ ಎಲ್ಲ ಗ್ರೂವಿನಲ್ಲೇ ಒಣಗಿ ಕೂರುತ್ತವೆ. ನಲ್ಲಿ ನೀರಿನ ಲವಣವೂ ಹಾಗೆಯೇ. ಲೇಬಲ್ ನೆನೆಯದಂತೆ ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿದು, ದ್ರಾವಣ ಹರಡಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು, ಮೃದುವಾದ ಬ್ರಷ್ಷನ್ನು ಗ್ರೂವ್ ಸಾಗುವ ದಿಕ್ಕಿನಲ್ಲೇ ಸುತ್ತಬೇಕು. ನಡುವಿನಿಂದ ಅಂಚಿಗೆ ಅಡ್ಡಡ್ಡ ಉಜ್ಜಿದರೆ ಹೊಸ ಗೀರುಗಳನ್ನು ನಾವೇ ಎಳೆದಂತೆ.

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದರ ನಂತರದ್ದು: ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಜಾಲಾಡುವುದು. ಕರಗಿದ ಕೊಳೆ ಹೊರಹೋಗದಿದ್ದರೆ ಒಣಗಿದ ಮೇಲೆ ಮತ್ತೆ ಅಲ್ಲೇ ಅಂಟಿಕೊಳ್ಳುತ್ತದೆ. ಮೈಕ್ರೊಫೈಬರ್ ಬಟ್ಟೆಯಿಂದ ತೇವ ಹೀರಿಸಿ, ಎರಡು ಮೂರು ಗಂಟೆ ನಿಲ್ಲಿಸಿಟ್ಟು ಒಣಗಿಸುತ್ತೇನೆ. ತೇವ ಇರುವಾಗಲೇ ನುಡಿಸಿದರೆ ಕೊಳೆಯೆಲ್ಲ ಕೆಸರಾಗಿ ಸ್ಟೈಲಸ್ಸಿನ ತುದಿಗೆ ಮೆತ್ತಿಕೊಳ್ಳುತ್ತದೆ. ಮರದ ಅಂಟು ಹಚ್ಚಿ ಒಣಗಿಸಿ ಸುಲಿಯುವ ವಿಧಾನವೂ ಚಾಲ್ತಿಯಲ್ಲಿದೆ. ಕೊಳೆ ಬರುವುದು ನಿಜ. ಆದರೆ ಒಂದು ಕಡೆ ತೆಳುವಾಗಿ ಹಚ್ಚಿದ್ದರೆ ಸುಲಿಯುವಾಗ ಹರಿದು ಚೂರು ಅಲ್ಲೇ ಉಳಿಯುತ್ತದೆ; ನನಗೆ ಆ ಗಂಡಾಂತರ ಬೇಡ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳ, ಅಂದರೆ 78ರ ತಟ್ಟೆಗಳ, ವಿಷಯ ಬೇರೆ. ಅವುಗಳಲ್ಲಿ ಹೆಚ್ಚಿನವು ಶೆಲ್ಯಾಕ್, ಅಂದರೆ ಅರಗಿನವು. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ, ಜೊತೆಗೆ ಹಾಡೂ. ಅವಕ್ಕೆ ಡಿಸ್ಟಿಲ್ಡ್ ನೀರು, ಎರಡು ಹನಿ ವೆಟಿಂಗ್ ಏಜೆಂಟ್, ಬೇಗ ತೊಳೆದು ಬೇಗ ಒಣಗಿಸುವುದು, ಅಷ್ಟೇ. ಅಂಚು ಬಿರುಕು ಬಿಟ್ಟಿದ್ದರೆ ನೀರನ್ನೂ ತಾಗಿಸುವುದಿಲ್ಲ. ಕೆಲವು 78ರ ತಟ್ಟೆಗಳ ಒಳತಿರುಳು ನೀರು ಹೀರಿ ಉಬ್ಬುತ್ತದೆ. ವಿನೈಲೋ ಶೆಲ್ಯಾಕ್ಕೋ ಗೊತ್ತಾಗದಿದ್ದರೆ ಶೆಲ್ಯಾಕ್ ಅಂತಲೇ ತಿಳಿಯುವುದು ಲೇಸು. ಅಲ್ಯೂಮಿನಿಯಂ ಅಥವಾ ಗಾಜಿನ ಮೇಲೆ ಲ್ಯಾಕರ್ ಬಳಿದ, ಒಂದೇ ಪ್ರತಿಯ ತಟ್ಟೆಗಳ ಮೇಲೆ ಬಿಳಿ ಪುಡಿಯಂಥದ್ದು ಕಂಡರೆ ಮನೆಯಲ್ಲಿ ಕೈಹಾಕಲೇ ಬಾರದು. ಆ ಪದರವೇ ಸಿಪ್ಪೆಯಂತೆ ಎದ್ದು ಬರಬಹುದು.

ಇನ್ನು ಸ್ಟೈಲಸ್. ಎಲ್‌ಪಿಗೆ ಬಳಸುವ ಸಾದಾ ಕೋನಿಕಲ್ (ದುಂಡು) ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, ಎಲಿಪ್ಟಿಕಲ್ (ಅಂಡಾಕಾರದ್ದು) ಆದರೆ 8×18 ಮೈಕ್ರಾನ್. 78ರ ಗ್ರೂವಿಗೆ 65ರಿಂದ 75 ಮೈಕ್ರಾನ್ ಬೇಕು. ಎಲ್‌ಪಿ ಸ್ಟೈಲಸ್ಸಿನಲ್ಲಿ 78 ನುಡಿಸಿದರೆ ತುದಿ ಗೋಡೆಗೆ ತಾಗದೆ ಗ್ರೂವಿನ ತಳದಲ್ಲಿ ಹೊರಳಾಡುತ್ತದೆ. ಕೇಳಿಸುವುದು ಹಾಡಿಗಿಂತ ತಳದ ಕಸದ ಸದ್ದು. ಈ ಗಾತ್ರದ ವ್ಯತ್ಯಾಸವನ್ನೇ ಉಪಯೋಗಕ್ಕೂ ತಿರುಗಿಸಿಕೊಳ್ಳಬಹುದು. ಹಿಂದೆ ದಪ್ಪ ಮುಳ್ಳಿನಲ್ಲಿ ನೂರಾರು ಸಲ ನುಡಿದ ತಟ್ಟೆಯಲ್ಲಿ ಗೋಡೆ ಸವೆದಿರುವುದು ಒಂದೇ ಎತ್ತರದಲ್ಲಿ. ಬೇರೆ ಆಕಾರದ ತುದಿ ಅದಕ್ಕಿಂತ ಮೇಲೆ ಅಥವಾ ಕೆಳಗೆ, ಸವೆಯದ ಜಾಗ ಹುಡುಕಿ ಕೂರುತ್ತದೆ. ಒಂದೇ ಹಾಡನ್ನು ಎರಡು ಸ್ಟೈಲಸ್ಸಿನಲ್ಲಿ ಇಳಿಸಿ ಹೋಲಿಸಿ ನೋಡುವುದು ಸದ್ದು ತೆಗೆಯುವ ಯಾವ ಪ್ಲಗಿನ್‌ಗಿಂತ ಹೆಚ್ಚು ಫಲ ಕೊಡುತ್ತದೆ.

ತುದಿ ತಟ್ಟೆಯ ಮೇಲೆ ಹಾಕುವ ಭಾರವನ್ನು ಟೋನ್‌ಆರ್ಮಿನ (ಸ್ಟೈಲಸ್ ಹೊತ್ತ ತೋಳಿನ) ಗುರುತು ನಂಬದೆ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಬೇಕು. ಆಡಿಯೊ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜಿಗೆ (ಸ್ಟೈಲಸ್ ಕೂರುವ, ಅದರ ಅದುರನ್ನು ಸಿಗ್ನಲ್ ಆಗಿಸುವ ಭಾಗ) 2.0 ಗ್ರಾಂ, ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ. ರೆಕಾರ್ಡ್ ಸವೆದೀತು ಎಂದು ಭಾರ ಇಳಿಸುವವರಿದ್ದಾರೆ; ಆಗುವುದು ಉಲ್ಟಾ. ಹಗುರವಾದ ತುದಿ ಜೋರು ಭಾಗಗಳಲ್ಲಿ ಗೋಡೆಯ ಹಿಡಿತ ಬಿಟ್ಟು ಕುಣಿಯುತ್ತದೆ, ಗೋಡೆಗೆ ಅಪ್ಪಳಿಸುತ್ತದೆ. ‘ಸ’, ‘ಶ’ ಅಕ್ಷರಗಳು ಒಡೆದು ಉಗುಳಿದಂತೆ ಕೇಳಿದರೆ ಮೊದಲು ಭಾರ, ಆಮೇಲೆ ಕಾರ್ಟ್ರಿಡ್ಜಿನ ಕೋನ ನೋಡಬೇಕು. ಈ ಕೋನಕ್ಕೆ ಬಳಸುವ ಬೇರ್‌ವಾಲ್ಡ್ ಲೆಕ್ಕದಲ್ಲಿ ತಟ್ಟೆಯ ಮಧ್ಯಬಿಂದುವಿನಿಂದ 66.0 ಮತ್ತು 120.9 ಮಿ.ಮೀ. ದೂರದಲ್ಲಿ ಕಾರ್ಟ್ರಿಡ್ಜ್ ಗ್ರೂವಿಗೆ ನೇರವಾಗಿರಬೇಕು. ತಟ್ಟೆಯ ಕೊನೆಯ ಹಾಡುಗಳಲ್ಲಿ ಸ್ವಲ್ಪ ಒಡಕು ಉಳಿದೇ ಉಳಿಯುತ್ತದೆ. ಹೊರ ಅಂಚಿನಲ್ಲಿ ಗ್ರೂವ್ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಸರಿದರೆ, ಒಳಗೆ 60 ಮಿ.ಮೀ. ತ್ರಿಜ್ಯದಲ್ಲಿ 21 ಸೆಂ.ಮೀ. ಮಾತ್ರ. ಅಷ್ಟೇ ವಿವರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತದೆ.

ವೇಗ ಪರೀಕ್ಷಿಸಲು ಉಪಕರಣವೇ ಬೇಕೆಂದಿಲ್ಲ. ತಟ್ಟೆಯ ಮೇಲೊಂದು ಕಾಗದದ ಚೂರಿಟ್ಟು ಸುತ್ತು ಎಣಿಸಿದರೆ ಸಾಕು: 33⅓ರಲ್ಲಿ 100 ಸುತ್ತಿಗೆ ಸರಿಯಾಗಿ 3 ನಿಮಿಷ. ಸ್ಟ್ರೋಬ್ ತಟ್ಟೆ (ವೇಗ ಸರಿಯಿದ್ದರೆ ಮಿನುಗುವ ದೀಪದಡಿ ಗೆರೆಗಳು ನಿಂತಂತೆ ಕಾಣುವ ತಟ್ಟೆ) ಇದ್ದರೆ 50 ಹರ್ಟ್ಸ್ ಕರೆಂಟಿಗೆ 180 ಗೆರೆಯದ್ದು, 60 ಹರ್ಟ್ಸ್‌ಗೆ 216 ಗೆರೆಯದ್ದು. ಎಲ್‌ಇಡಿ ಬಲ್ಬಿನ ಕೆಳಗೆ ಇದನ್ನು ನಂಬಬೇಡಿ, ಎಷ್ಟೋ ಎಲ್‌ಇಡಿಗಳು ಕರೆಂಟಿನ ಲಯಕ್ಕೆ ಮಿನುಗುವುದಿಲ್ಲ. ಸ್ವರ ನಿಧಾನವಾಗಿ ಏರಿ ಇಳಿಯುತ್ತಿದ್ದರೆ ದೋಷ ಮೋಟಾರಿನದಲ್ಲದೆ ನಡುವಿನ ತೂತಿನದೂ ಇರಬಹುದು. ತೂತು 0.5 ಮಿ.ಮೀ. ಆಚೀಚೆ ಇದ್ದರೂ 60 ಮಿ.ಮೀ. ತ್ರಿಜ್ಯದಲ್ಲಿ ಶ್ರುತಿ 0.8 ಶೇಕಡಾದಷ್ಟು ಮೇಲೆ ಕೆಳಗೆ ಆಡುತ್ತದೆ. ನಿಡಿದಾದ ಒಂಟಿ ಸ್ವರದಲ್ಲಿ ಇದು ಕಿವಿಗೆ ಚುಚ್ಚುತ್ತದೆ. ಟೋನ್‌ಆರ್ಮಿನ ತಲೆ ಪ್ರತಿ ಸುತ್ತಿಗೂ ಎಡಬಲ ತೂಗಾಡುತ್ತಿದ್ದರೆ ಇದೇ ಕಾರಣ. ಸಾಫ್ಟ್‌ವೇರಿನಲ್ಲಿ ತಿದ್ದುವುದಕ್ಕಿಂತ ತೂತನ್ನು ಕೂದಲೆಳೆಯಷ್ಟು ಅಗಲಿಸಿ ತಟ್ಟೆಯನ್ನು ಸರಿಸಿ ಕೂರಿಸುವುದು ಸುಲಭ, ಆದರೆ ಅಪರೂಪದ ತಟ್ಟೆಗೆ ಉಳಿ ತಾಗಿಸುವ ಮುನ್ನ ಎರಡು ಸಲ ಯೋಚಿಸಿ.

ಕಾರ್ಟ್ರಿಡ್ಜಿನಿಂದ ಬರುವುದು ಬಹಳ ಸಣ್ಣ ಸಿಗ್ನಲ್. ಮೂವಿಂಗ್ ಮ್ಯಾಗ್ನೆಟ್ ಬಗೆಯಲ್ಲಿ 3ರಿಂದ 5 ಮಿಲಿವೋಲ್ಟ್, ಮೂವಿಂಗ್ ಕಾಯಿಲ್‌ನಲ್ಲಿ ಅದರ ಹತ್ತನೇ ಒಂದು ಪಾಲು. ಇದನ್ನು ಏರಿಸುವ (ಮೂವಿಂಗ್ ಮ್ಯಾಗ್ನೆಟ್ ಆದರೆ ಸುಮಾರು 40 ಡೆಸಿಬೆಲ್), ಆರ್‌ಐಎಎ ಎಂಬ ಮಾನಕದ ಸಮೀಕರಣ ಇರುವ ಫೋನೊ ಪ್ರೀಆಂಪ್ ಬೇಕು. ರೆಕಾರ್ಡ್ ಕೊರೆಯುವಾಗ ಬೇಸ್ ತಗ್ಗಿಸಿ ಟ್ರೆಬಲ್ ಹೆಚ್ಚಿಸಿರುತ್ತಾರೆ; ನುಡಿಸುವಾಗ ಅದನ್ನು ತಿರುವುಮುರುವು ಮಾಡುವುದೇ ಈ ಸಮೀಕರಣ. 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ 19 ಡೆಸಿಬೆಲ್‌ಗೂ ಹೆಚ್ಚು ಏರಿಕೆ, 20 ಕಿಲೋಹರ್ಟ್ಸ್‌ನಲ್ಲಿ ಅಷ್ಟೇ ಇಳಿಕೆ. ಅಂದರೆ ಕರೆಂಟಿನ 50 ಹರ್ಟ್ಸ್ ಹಮ್ (ಗುಂಯ್ ಎನ್ನುವ ಸದ್ದು), ಮೋಟಾರಿನ ಗುಡುಗುಡು ಇವೂ ಬೇಸ್ ಜೊತೆಯಲ್ಲೇ ಉಬ್ಬುತ್ತವೆ. ಟರ್ನ್‌ಟೇಬಲ್‌ನ ಅರ್ಥ್ ತಂತಿಯನ್ನು ಪ್ರೀಆಂಪಿನ ತಿರುಪಿಗೆ ಬಿಗಿಯಾಗಿ ಕಟ್ಟಿದರೆ ಎಷ್ಟೋ ಸಲ ಹಮ್ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಬೇಕು.

ಪ್ರೀಆಂಪಿನಿಂದ ಆಡಿಯೊ ಇಂಟರ್‌ಫೇಸಿನ (ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಯ) ಲೈನ್ ಇನ್‌ಪುಟ್‌ಗೆ, ಮೈಕ್ ಇನ್‌ಪುಟ್‌ಗಲ್ಲ. ಬೆಹ್ರಿಂಗರ್ ಯುಎಫ್‌ಒ202ರಲ್ಲಿ ಪ್ರೀಆಂಪ್ ಒಳಗೇ ಇದೆ, ಆದರೆ ಅದು 16 ಬಿಟ್, 48 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಬರೀ ಕೇಳಲು ಅಷ್ಟು ಧಾರಾಳವಾಗಿ ಸಾಕು. ನಾನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸುತ್ತೇನೆ. ಕಾರಣ ಸಂಗೀತದಲ್ಲಿ 40 ಕಿಲೋಹರ್ಟ್ಸ್ ಇದೆ ಎಂದಲ್ಲ. ಗೀರಿನ ಕ್ಲಿಕ್ ಬಹಳ ಚೂಪು, ಅದರ ಶಕ್ತಿ ಕಿವಿಗೆ ಕೇಳದ ಎತ್ತರಕ್ಕೂ ಹಬ್ಬಿರುತ್ತದೆ. ಆ ಎತ್ತರ ಫೈಲಿನಲ್ಲಿ ಉಳಿದಿದ್ದರೆ ಕ್ಲಿಕ್ ಯಾವುದು, ಹಾಡು ಯಾವುದು ಎಂದು ಸಾಫ್ಟ್‌ವೇರಿಗೆ ಬೇಗ ಗೊತ್ತಾಗುತ್ತದೆ. ನಿಮಿಷಕ್ಕೆ ಸುಮಾರು 35 ಎಂಬಿ, 40 ನಿಮಿಷದ ತಟ್ಟೆಗೆ 1.4 ಜಿಬಿ ಆಗುತ್ತದೆ. ಮಟ್ಟವನ್ನು ತಟ್ಟೆಯ ಅತಿ ಜೋರಾದ ಜಾಗ ನುಡಿಸಿ −10ರಿಂದ −6 ಡೆಸಿಬೆಲ್‌ನಲ್ಲಿ ನಿಲ್ಲಿಸುತ್ತೇನೆ. ಮೀಟರ್ ಕೆಂಪಾಗಿ ಸಂಗೀತ ಚಪ್ಪಟೆಯಾದರೆ ಅದನ್ನು ಮರಳಿ ತರಲಾಗದು. ಸ್ಪೀಕರ್ ಆಫ್ ಮಾಡಿ ಹೆಡ್‌ಫೋನಿನಲ್ಲೇ ಕೇಳಬೇಕು. ಸ್ಪೀಕರಿನ ಅದುರು ಸ್ಟೈಲಸ್ಸಿಗೆ ಹತ್ತಿ ಬೇಸನ್ನು ಕಲಸುತ್ತದೆ. ಒಂದು ಬದಿಯನ್ನು ನಡುವೆ ನಿಲ್ಲಿಸದೆ ಪೂರ್ತಿ ಇಳಿಸಿ. ಹಾಡು ಶುರುವಾಗುವ ಮುಂಚಿನ ಖಾಲಿ ಗ್ರೂವಿನ ಸದ್ದೂ ಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಮೂಲ ಫೈಲನ್ನು ಹಾಗೇ ಎತ್ತಿಟ್ಟು, ಪ್ರತಿಯ ಮೇಲೆ ಕೆಲಸ. ಇಲ್ಲಿ ಕ್ರಮ ಮುಖ್ಯ: ಕ್ಲಿಕ್ ಮೊದಲು, ಫಿಲ್ಟರ್ ಆಮೇಲೆ. ಫಿಲ್ಟರ್ ಮೊದಲು ಹಾಕಿದರೆ ಚೂಪಾಗಿದ್ದ ಕ್ಲಿಕ್ ಹರಡಿ ಬಾಲ ಬೆಳೆಸಿಕೊಳ್ಳುತ್ತದೆ, ಆಗ ಅದನ್ನು ಹಿಡಿಯುವುದು ಕಷ್ಟ.

ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಒಂದು ದೊಡ್ಡ ಗೀರನ್ನು ಹೇಗೆ ಹಿಡಿಯುತ್ತೇನೆ ನೋಡಿ. ಮೊದಲು ಸ್ಪೆಕ್ಟ್ರೋಗ್ರಾಂ (ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ವರದ ಎತ್ತರ ತೋರಿಸುವ) ನೋಟಕ್ಕೆ ಬದಲಿಸಬೇಕು. ಸ್ವರಗಳೆಲ್ಲ ಅಡ್ಡ ಪಟ್ಟಿಗಳಾಗಿ ಕಾಣುತ್ತವೆ, ಕ್ಲಿಕ್ ಮಾತ್ರ ಮೇಲಿಂದ ಕೆಳಗೆ ಒಂದೇ ನೇರ ಗೆರೆ. ಎಲ್‌ಪಿಯ ಗ್ರೂವುಗಳಿಗೆ ಅಡ್ಡಲಾಗಿ ಎಳೆದ ಗೀರಾದರೆ ಆ ಗೆರೆ ಪ್ರತಿ 1.8 ಸೆಕೆಂಡಿಗೊಮ್ಮೆ ಬರುತ್ತದೆ. 45ರ ತಟ್ಟೆಯಲ್ಲಿ 1.33, 78ರಲ್ಲಿ 0.77 ಸೆಕೆಂಡು. ಈ ಅಂತರ ಗೊತ್ತಿದ್ದರೆ ತಾಳವಾದ್ಯದ ಪೆಟ್ಟಿನಡಿ ಅಡಗಿದ ಕ್ಲಿಕ್ ಕೂಡ ಸಿಕ್ಕಿಬೀಳುತ್ತದೆ. ಅಲ್ಲಿಗೆ ಝೂಮ್ ಮಾಡಿ, ಕೆಟ್ಟ ಸ್ಯಾಂಪಲ್‌ಗಳನ್ನಷ್ಟೇ (ಅಲೆಯ ಮೇಲಿನ ಚುಕ್ಕಿಗಳನ್ನು) ಆರಿಸಿ ರಿಪೇರ್ ಒತ್ತಿದರೆ ಎರಡೂ ಬದಿಯ ಅಲೆ ನೋಡಿ ನಡುವಿನದನ್ನು ತುಂಬುತ್ತದೆ. ರಿಪೇರ್ ಒಮ್ಮೆಗೆ 128 ಸ್ಯಾಂಪಲ್ ಮಾತ್ರ ಒಪ್ಪುತ್ತದೆ, 96 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 1.3 ಮಿಲಿಸೆಕೆಂಡ್. ಹತ್ತಿಪ್ಪತ್ತು ದೊಡ್ಡ ಕ್ಲಿಕ್‌ಗಳನ್ನು ಹೀಗೆ ಕೈಯಾರೆ ತೆಗೆದರೆ ಉಳಿದದ್ದಕ್ಕೆ ಕ್ಲಿಕ್ ರಿಮೂವಲ್‌ ಅನ್ನು ಸೌಮ್ಯವಾಗಿ ಓಡಿಸಬಹುದು. ಅದರ ಥ್ರೆಶೋಲ್ಡ್ (ಯಾವುದನ್ನು ಕ್ಲಿಕ್ ಎನ್ನಬೇಕೆಂಬ ಮಿತಿ) ಮೊದಲೇ 200ರಲ್ಲಿರುತ್ತದೆ. ಸಂಖ್ಯೆ ಇಳಿಸಿದಷ್ಟೂ ಅದು ಹೆಚ್ಚೆಚ್ಚು ಕ್ಲಿಕ್ ಕಾಣುತ್ತದೆ, ಇಲ್ಲದ ಕಡೆಯೂ.

ಎಡವುವುದು ಇಲ್ಲೇ. ಟ್ರಂಪೆಟ್‌ನ ಅಲೆ, ಮೃದಂಗದ ಚಾಪು ಎಲ್ಲ ಸಾಫ್ಟ್‌ವೇರಿಗೆ ಕ್ಲಿಕ್ಕಿನಂತೆಯೇ ಕಾಣುತ್ತವೆ. ತಾಳವಾದ್ಯ ತುಂಬಿದ ಹಾಡಿಗೆ ಒಂದು ಉಪಾಯ: ಇಡೀ ಟ್ರ್ಯಾಕನ್ನು ರಿವರ್ಸ್ ಮಾಡಿ, ಕ್ಲಿಕ್ ತೆಗೆದು, ಮತ್ತೆ ರಿವರ್ಸ್ ಮಾಡುವುದು. ಹಿಂದುಮುಂದಾದಾಗ ಪೆಟ್ಟಿನ ಸದ್ದು ಮೆಲ್ಲಗೆ ಏರುತ್ತದೆ, ಹಾಗಾಗಿ ಬಚಾವಾಗುತ್ತದೆ. ಏನೇ ಮಾಡಿದರೂ ಹೊಸ ಫೈಲಿನ ಅಲೆಯನ್ನು ತಲೆಕೆಳಗು (ಇನ್ವರ್ಟ್) ಮಾಡಿ ಮೂಲದ ಜೊತೆ ಕೂಡಿಸಿದರೆ ತೆಗೆದದ್ದಷ್ಟೇ ಕೇಳುತ್ತದೆ. ಅದರಲ್ಲಿ ಚಟಪಟ ಮಾತ್ರ ಇರಬೇಕು. ಹಾಡಿನ ಗುರುತು ಹತ್ತಿದರೆ ಸೆಟ್ಟಿಂಗ್ ಅತಿಯಾಯಿತು.

ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್‌ಗೆ, ಮುಂಚೆ ಎತ್ತಿಟ್ಟ ಖಾಲಿ ಗ್ರೂವಿನ ಒಂದೆರಡು ಸೆಕೆಂಡ್ ಮಾದರಿ ಕೊಟ್ಟು, 6 ಡೆಸಿಬೆಲ್ ಮೀರದಂತೆ ಇಳಿಸುತ್ತೇನೆ. 12, 18 ಎಂದು ಏರಿಸಿದರೆ ಹಿನ್ನೆಲೆ ಸದ್ದು ಹೋಗಿ ನೀರೊಳಗಿನಿಂದ ಹಾಡಿದಂಥ ಗುಳುಗುಳು ಬರುತ್ತದೆ. ತಂಬೂರಿಯ ಝೇಂಕಾರ ಒಂದೇ ಸಮನೆ ಹಿಂದೆ ಸಾಗುವುದರಿಂದ ಅತಿಯಾದ ರಿಡಕ್ಷನ್‌ಗೆ ಮೊದಲ ಬಲಿ ಅದೇ. ತೆಳುವಾದ ಹಿಸ್ (ಸುಯ್ ಎನ್ನುವ ಸದ್ದು) ಉಳಿದರೆ ಕಿವಿ ಒಂದು ನಿಮಿಷದಲ್ಲಿ ಮರೆಯುತ್ತದೆ, ಗುಳುಗುಳು ಮಾತ್ರ ಮರೆಯುವುದಿಲ್ಲ. ಆಮೇಲೆ 20 ಹರ್ಟ್ಸ್‌ಗೆ 24 ಡೆಸಿಬೆಲ್ ಇಳಿಜಾರಿನ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದನ್ನು ತಡೆಯುವುದು). ಬಾಗಿದ ತಟ್ಟೆಯ ನಿಧಾನ ಅಲೆ ಅಲ್ಲಿಗೆ ಮುಗಿಯಿತು.

ಮೊನೊ ತಟ್ಟೆಯನ್ನು ಸ್ಟೀರಿಯೊ ಕಾರ್ಟ್ರಿಡ್ಜಿನಲ್ಲೇ ಇಳಿಸಿ, ಎರಡೂ ಚಾನೆಲ್ ಕೂಡಿಸಿದರೆ ಲಂಬ ದಿಕ್ಕಿನ ಸದ್ದು ಒಂದನ್ನೊಂದು ಹೊಡೆದುಕೊಂಡು ಹೋಗುತ್ತದೆ. ಕೂಡಿಸುವ ಮುನ್ನ ಎರಡೂ ಚಾನೆಲ್‌ನ ಮಟ್ಟ ಒಂದೇ ಇದೆಯೇ, ಒಂದು ಸ್ಯಾಂಪಲ್‌ನಷ್ಟೂ ಹಿಂದುಮುಂದಾಗಿಲ್ಲವೇ ನೋಡಿ. ಆಗಿದ್ದರೆ ಟ್ರೆಬಲ್ ಮಂಕಾಗುತ್ತದೆ. ಒಂದು ಗೋಡೆ ಪೂರ್ತಿ ಸವೆದಿದ್ದರೆ ಕೂಡಿಸದೆ ಒಳ್ಳೆಯ ಚಾನೆಲ್ ಒಂದನ್ನೇ ಇಟ್ಟುಕೊಳ್ಳಿ. ಆರ್‌ಐಎಎ ಮಾನಕ ಬಂದದ್ದು 1954ರಲ್ಲಿ. ಅದಕ್ಕೂ ಹಿಂದಿನ 78ಗಳನ್ನು ಒಂದೊಂದು ಕಂಪನಿ ಒಂದೊಂದು ಸಮೀಕರಣದಲ್ಲಿ ಕೊರೆದಿದೆ. ಆರ್‌ಐಎಎ ಪ್ರೀಆಂಪಿನಲ್ಲಿ ಇಳಿಸಿದ್ದು ಮಂಕಾಗಿ ಕೇಳಿದರೆ ಈಕ್ವಲೈಜರಿನಲ್ಲಿ ಟ್ರೆಬಲ್ ಎತ್ತುವುದು ತಪ್ಪಲ್ಲ.

ಕೊನೆಗೆ −1 ಡೆಸಿಬೆಲ್‌ಗೆ ನಾರ್ಮಲೈಸ್ ಮಾಡಿ (ಅತಿ ಜೋರಾದ ಜಾಗವನ್ನು ಆ ಮಟ್ಟಕ್ಕೆ ತಂದು) ಹಾಡುಗಳನ್ನು ಕತ್ತರಿಸಿ, ಗುಣ ಕಳೆಯದ 24 ಬಿಟ್ ಫ್ಲ್ಯಾಕ್ ಫೈಲಿನಲ್ಲಿ ಉಳಿಸುತ್ತೇನೆ. ಫೋನಿಗೆ 16 ಬಿಟ್ ಪ್ರತಿ ಬೇಕಾದರೆ ಡಿದರ್ (ಬಿಟ್ ಇಳಿಸುವಾಗಿನ ಕರ್ಕಶ ಮುಚ್ಚಲು ಬೆರೆಸುವ ನವಿರಾದ ಸದ್ದು) ಹಾಕಿಯೇ ಇಳಿಸಬೇಕು. ಟ್ಯಾಗಿನಲ್ಲಿ ಹಾಡು, ಕಲಾವಿದರ ಜೊತೆಗೆ ಲೇಬಲ್ಲಿನ ಕ್ಯಾಟಲಾಗ್ ಸಂಖ್ಯೆ, ಗ್ರೂವ್ ಮುಗಿದು ಲೇಬಲ್ ಶುರುವಾಗುವ ಜಾಗದಲ್ಲಿ ಕೆತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆ, ಬಳಸಿದ ಸ್ಟೈಲಸ್ ಇವನ್ನೂ ಬರೆದಿಡಿ. ಅದೇ ಹಾಡಿನ ಇನ್ನೊಂದು ಮುದ್ರಣ ಸಿಕ್ಕಾಗ ಯಾವುದು ಯಾವುದೆಂದು ತಿಳಿಯುವುದು ಇವುಗಳಿಂದಲೇ. ತೊಳೆದ ತಟ್ಟೆಯನ್ನು ಹಳೆಯ ಕಾಗದದ ಒಳಕವರಿಗೆ ಮರಳಿ ತೂರಿಸಬಾರದು, ಅದೇ ದೂಳು ಮತ್ತೆ ಹತ್ತುತ್ತದೆ. ಹೊಸ ಪಾಲಿಥೀನ್ ಒಳಕವರ್ ಹಾಕಿ ನೆಟ್ಟಗೆ ನಿಲ್ಲಿಸಿಡಬೇಕು.