ನನ್ನ ಅನುಭವ: ಒಂದು ಬೀಗ, ಒಂದು ಚಾವಿ, ನಾಲ್ಕು ಲವಂಗ ಇಟ್ಕೊಂಡು ಇಂಗ್ಲಿಷ್ ಪದ ಕಲಿಸಿದ್ದು

ನಮ್ಮೂರು ಹಾವೇರಿ ಕಡೆ. ಕೆಲಸ ಸಿಕ್ಕಿದ್ದು ಮಂಡ್ಯ ಕಡೆ ಒಂದು ಹಳ್ಳಿ ಹೈಸ್ಕೂಲಲ್ಲಿ, ಇಂಗ್ಲಿಷ್ ಟೀಚರ್ ಆಗಿ. ಸೇರಿದ ಮೊದಲನೇ ವಾರ ಲೈಬ್ರರಿ ರೂಮ್ ಮುಂದೆ ನಿಂತ್ಕೊಂಡು ಒಬ್ಬ ಹುಡುಗನಿಗೆ "ಕೀಲಿ ಹಾಕ್ಯಾರಲ್ಲೋ, ಚಾವಿ ಯಾರ ಹತ್ರ ಐತಿ ಕೇಳ್ಕೊಂಡು ಬಾ" ಅಂದೆ. ಹುಡುಗ ನನ್ನ ಮುಖಾನೇ ನೋಡ್ತಾ ನಿಂತ. ಸ್ವಲ್ಪ ಹೊತ್ತಾದ್ಮೇಲೆ "ಬೀಗದ್ ಕೈಯಾ ಮಿಸ್?" ಅಂದ. ನಮ್ಮ ಕಡೆ ಕೀಲಿ ಅಂದ್ರೆ ಬೀಗ, ಚಾವಿ ಅಂದ್ರೆ ಬೀಗದ ಕೈ. ಒಂದೇ ರಾಜ್ಯ, ಒಂದೇ ಭಾಷೆ, ಒಂದು ಬಾಗಿಲು ತೆಗೆಯೋಕೆ ಎರಡು ಜೊತೆ ಪದ. ಅವತ್ತು ಮನೆಗೆ ಹೋಗಿ ಒಂದು ನೋಟ್‌ಬುಕ್ಕಲ್ಲಿ ಈ ನಾಲ್ಕು ಪದ ಬರ್ಕೊಂಡೆ, ಈಗ ಮೂರನೇ ನೋಟ್‌ಬುಕ್ ನಡೀತಿದೆ.

ಆಗ ಕ್ಲಾಸಲ್ಲಿ ನನಗಿದ್ದ ಕಷ್ಟ ಏನಂದ್ರೆ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ದಿನಾ ಹತ್ತು ಪದ ಬೋರ್ಡ್ ಮೇಲೆ ಬರೀತಿದ್ದೆ, ಅವರೂ ಪಾಪ ಬರ್ಕೊಂಡು ಬಾಯಿಪಾಠ ಮಾಡ್ತಿದ್ರು, ಸೋಮವಾರ ಕೇಳಿದ್ರೆ ಒಂದೂ ಇರ್ತಿರಲಿಲ್ಲ. ಇನ್‌ಕ್ಲೂಡ್, ಎಕ್ಸ್‌ಕ್ಲೂಡ್, ಕನ್‌ಕ್ಲೂಡ್ ಮೂರೂ ಅವರಿಗೆ ಒಂದೇ ಥರ ಕೇಳ್ಸೋದು, ಯಾವುದು ಒಳಗೆ ಯಾವುದು ಹೊರಗೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಪದಗಳನ್ನ ಎ ಬಿ ಸಿ ಕ್ರಮದಲ್ಲಿ ಕಲಿಸೋ ಬದಲು ಒಂದೇ ಕೆಲಸಕ್ಕೆ ಸೇರಿದ ಪದಗಳನ್ನೆಲ್ಲ ಒಟ್ಟಿಗೆ ತಗೊಂಡ್ರೆ ಹೇಗೆ ಅಂತ ಯೋಚನೆ ಬಂತು. ಕಟ್ಟೋದು, ಬಿಗಿಯೋದು, ಜಡಿಯೋದು, ಮುಚ್ಚೋದು, ಕೂಡಿಹಾಕೋದು, ಈ ಕೆಲಸಗಳನ್ನ ಹಳ್ಳಿ ಮಕ್ಕಳಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಹಸು ಕಟ್ಟಿ, ಮೂಟೆ ಬಾಯಿ ಹೊಲಿದು, ಚಿಲಕ ಹಾಕೇ ಶಾಲೆಗೆ ಬರ್ತಾರೆ. ಕೆಲಸ ಗೊತ್ತಿದ್ಮೇಲೆ ಪದ ಅದರ ಮೇಲೆ ಕೂರಿಸೋದಷ್ಟೇ ಅಂದ್ಕೊಂಡೆ.

ಶುರುವಿನಲ್ಲೇ ಒಂದು ತಪ್ಪು ಮಾಡಿದೆ. ಮೇಜಿನ ಮೇಲೆ ಬೀಗ ಇಟ್ಟು, ನೋಡಿ ಮಕ್ಕಳೇ, ಇಂಗ್ಲಿಷಲ್ಲಿ ಬೀಗದ ಕೈಗೆ ಕೀ ಅಂತಾರೆ, ನಮ್ಮ ಕಡೆ ಬೀಗಕ್ಕೆ ಕೀಲಿ ಅಂತೀವಿ, ಎರಡೂ ಒಂದೇ ಮೂಲದ್ದು ಅಂತ ಹೇಳ್ಬಿಟ್ಟೆ. ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ! ಮಕ್ಕಳಿಗೂ ಖುಷಿ ಆಯ್ತು. ರಾತ್ರಿ ಯಾಕೋ ಮನಸ್ಸು ತಡೀಲಿಲ್ಲ, ಇಂಗ್ಲಿಷ್ ಪದಮೂಲದ ನಿಘಂಟು ತೆಗೆದು ನೋಡಿದೆ. ಕೀ ಅನ್ನೋ ಪದವನ್ನ ಇಂಗ್ಲೆಂಡಲ್ಲಿ 1600ರ ಸುಮಾರಿಗೂ ಜನ 'ಕೇ' ಅಂತ ಉಚ್ಚರಿಸ್ತಿದ್ರು, ಡೇ ಅನ್ನೋದಕ್ಕೆ ಪ್ರಾಸ ಆಗೋ ಹಾಗೆ. ಅದಕ್ಕೂ ಹಿಂದೆ, ಹಳೇ ಇಂಗ್ಲಿಷಲ್ಲಿ, ಅದು 'ಕ್ಯಾಗ್' ಅನ್ನೋದಕ್ಕೆ ಹತ್ತಿರದ ರೂಪದಲ್ಲಿತ್ತು. ನಮ್ಮ ಕೀಲಿ ಬಂದಿರೋದು ಸಂಸ್ಕೃತದ ಕೀಲದಿಂದ, ಅಂದ್ರೆ ಗೂಟ, ಬೆಣೆ. ಹಿಂದೆ ಹಿಂದೆ ಹೋದಷ್ಟೂ ಎರಡೂ ದೂರ ದೂರ ಹೋಗ್ತವೆ. ನಿಜವಾದ ನೆಂಟಸ್ತನ ಇದ್ದಿದ್ರೆ ಹಿಂದಕ್ಕೆ ಹೋದಷ್ಟೂ ಹತ್ತಿರ ಬರ್ಬೇಕಿತ್ತು. ಮಾರನೇ ದಿನ ಕ್ಲಾಸಲ್ಲಿ ನಿನ್ನೆ ಹೇಳಿದ್ದು ತಪ್ಪು ಅಂತ ಹೇಳಿ, ಹಳೇ ರೂಪ ಎರಡನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು ತೋರಿಸಿದೆ. ಆವತ್ತಿಂದ ನನ್ನದು ಒಂದೇ ನಿಯಮ, ಕಿವಿಗೆ ಒಂದೇ ಥರ ಕೇಳಿಸ್ತು ಅಂತ ಗಂಟು ಹಾಕೋದಿಲ್ಲ, ಹಳೇ ರೂಪ ನೋಡಿದ್ಮೇಲೇ ಕ್ಲಾಸಿಗೆ ತರೋದು.

ಆದ್ರೆ ಆ ತಪ್ಪಿಂದಾನೇ ನನಗೆ ತುಂಬ ಒಳ್ಳೇದೊಂದು ಸಿಕ್ತು. ಕೀಲಿ ಬಿಟ್ಟು ಚಾವಿ ಹಿಡ್ಕೊಂಡು ಹೋದೆ. ಚಾವಿ ಪೋರ್ಚುಗೀಸರ ಪದ. ಅವರು 1510ರಲ್ಲಿ ಗೋವಾ ಹಿಡಿದ ಮೇಲೆ ಈ ಕರಾವಳಿಯಲ್ಲಿ ಬಿಟ್ಟುಹೋದ ಎಷ್ಟೋ ಪದಗಳ ಜೊತೆ ಇದೂ ಒಂದು. ಈ ಪದ ಅವರಿಗೆ ಬಂದಿದ್ದು ಲ್ಯಾಟಿನ್ನಿನ ಕ್ಲಾವಿಸ್‌ನಿಂದ, ಅರ್ಥ ಅದೇ, ಬೀಗದ ಕೈ. ಲ್ಯಾಟಿನ್ನಲ್ಲಿ 'ಕ್ಲ' ಅಂತ ಶುರುವಾಗೋ ಕೆಲವು ಪದಗಳು ಪೋರ್ಚುಗೀಸಲ್ಲಿ 'ಚ' ಆಗಿವೆ, ಹಾಗಾಗಿ ಕ್ಲಾವಿಸ್ ಹೋಗಿ ಚಾವಿ. ಈ ಕ್ಲಾವಿಸ್‌ಗೆ ಲ್ಯಾಟಿನ್ನಲ್ಲಿ ಇಬ್ಬರು ಹತ್ತಿರದ ನೆಂಟರಿದ್ದಾರೆ. ಒಂದು ಕ್ಲಾವುಸ್, ಅಂದ್ರೆ ಮೊಳೆ. ಇನ್ನೊಂದು ಕ್ಲಾಡೆರೆ, ಅಂದ್ರೆ ಮುಚ್ಚು. ಕ್ಲೋಸ್, ಕ್ಲಾಸೆಟ್, ಇನ್‌ಕ್ಲೂಡ್, ಎಕ್ಸ್‌ಕ್ಲೂಡ್, ಕನ್‌ಕ್ಲೂಡ್ ಎಲ್ಲಾ ಆ ಕ್ಲಾಡೆರೆ ಮಕ್ಕಳು. ಇನ್‌ಕ್ಲೂಡ್ ಅಂದ್ರೆ ಒಳಗಿಟ್ಟು ಬಾಗಿಲು ಹಾಕೋದು, ಎಕ್ಸ್‌ಕ್ಲೂಡ್ ಅಂದ್ರೆ ಹೊರಗೆ ನಿಲ್ಲಿಸಿ ಬಾಗಿಲು ಹಾಕೋದು, ಕನ್‌ಕ್ಲೂಡ್ ಅಂದ್ರೆ ಎಲ್ಲಾ ಮುಗೀತು ಅಂತ ಪೂರ್ತಿ ಮುಚ್ಚೋದು. ಇದನ್ನ ಬಾಯಲ್ಲಿ ಹೇಳ್ಲಿಲ್ಲ, ಕ್ಲಾಸಿನ ಬಾಗಿಲಲ್ಲೇ ಮಾಡಿಸಿದೆ. ಇಬ್ಬರನ್ನ ಒಳಗೆ ನಿಲ್ಸಿ ಚಿಲಕ, ಆಮೇಲೆ ಅದೇ ಇಬ್ಬರನ್ನ ಹೊರಗೆ ನಿಲ್ಸಿ ಚಿಲಕ. ಐದು ನಿಮಿಷದ ಕೆಲಸ, ಅದಾದ್ಮೇಲೆ ಆ ಬ್ಯಾಚಲ್ಲಿ ಯಾರೂ ಅವೆರಡನ್ನ ಅದಲುಬದಲು ಮಾಡಿದ್ದು ನಾನು ನೋಡಿಲ್ಲ.

ಲವಂಗದ ವಿಷಯ ಹೇಳ್ಲೇಬೇಕು. ಕ್ಲಾವುಸ್ ಅಂದ್ರೆ ಮೊಳೆ ಅಂದ್ನಲ್ಲ, ಅದು ಫ್ರೆಂಚಲ್ಲಿ 'ಕ್ಲೂ' ಆಯ್ತು, ಲವಂಗಕ್ಕೆ ಅವರು ಮೊಳೆ ಅಂತಾನೇ ಹೆಸರಿಟ್ರು, ಅಲ್ಲಿಂದ ಇಂಗ್ಲಿಷಿನ ಕ್ಲೋವ್. ಮನೆಯಿಂದ ನಾಲ್ಕು ಲವಂಗ ಪೊಟ್ಟಣ ಕಟ್ಕೊಂಡು ಹೋಗಿ ಮೇಜಿನ ಮೇಲೆ ಇಟ್ಟು ಪಕ್ಕದಲ್ಲಿ ಒಂದು ಸಣ್ಣ ಮೊಳೆ ಇಟ್ಟೆ. ಉದ್ದ ಕಾಂಡ, ಮೇಲೆ ದಪ್ಪ ತಲೆ, ಥೇಟ್ ತುಕ್ಕು ಹಿಡಿದ ಮೊಳೆ ಥರಾನೇ. ಮಕ್ಕಳು ಒಬ್ಬೊಬ್ಬರೇ ಬಂದು ನೋಡಿದ್ರು, ಮುಂದಿನ ಬೆಂಚಿನ ಹುಡುಗಿ ಒಂದನ್ನ ಕೈಯಲ್ಲಿ ಹಿಡ್ಕೊಂಡು ಮೇಜಿಗೆ ಜಡಿಯೋ ಥರ ಮಾಡಿ ತೋರಿಸಿದ್ಳು. ಹಂಗಾದ್ರೆ ನಮ್ಮ ಕಡೆ ಗೂಟಕ್ಕೆ ನೇತುಹಾಕೋ ಚಾವಿ, ಪಲಾವಿಗೆ ಹಾಕೋ ಕ್ಲೋವ್, ಅಂಗಡಿ ಬಾಗಿಲ ಮೇಲಿನ ಕ್ಲೋಸ್ಡ್ ಬೋರ್ಡು, ಎಲ್ಲಾ ಒಂದೇ ಮನೆಯವು. ಇನ್ನೂ ಒಂದು ಮಾತು. ನಮ್ಮ ಕೀಲಿಗೂ ಅವರ ಕ್ಲಾವಿಸ್‌ಗೂ ಪದದ ನೆಂಟಸ್ತನ ಇಲ್ಲ, ಆದ್ರೆ ಯೋಚನೆ ಒಂದೇ. ಬಾಗಿಲು ಭದ್ರ ಮಾಡೋಕೆ ಮನುಷ್ಯ ಮೊದಲು ಮಾಡಿದ್ದು ಒಂದು ಗೂಟ ಸಿಕ್ಕಿಸೋದು, ಅಲ್ಲೂ ಅದೇ ಮಾಡಿದ್ರು, ಇಲ್ಲೂ ಅದೇ ಮಾಡಿದ್ರು, ಆಮೇಲೆ ಆ ಗೂಟದ ಹೆಸರೇ ಅಲ್ಲಿ ಚಾವಿಗೆ, ಇಲ್ಲಿ ಬೀಗಕ್ಕೆ ನಿಂತ್ಕೊಂಡ್ತು. ನನಗೆ ಇದು ಮೊದಲು ಹೇಳಿದ ಸುಳ್ಳು ನೆಂಟಸ್ತನಕ್ಕಿಂತ ಎಷ್ಟೋ ಪಾಲು ಚೆನ್ನಾಗಿ ಕಾಣುತ್ತೆ.

2025ರ ಮೇ ತಿಂಗಳಲ್ಲಿ ಹೊಸ ಪೋಪ್ ಆಯ್ಕೆ ಆಯ್ತಲ್ಲ, ರಜೆಯಲ್ಲಿ ಮಕ್ಕಳೂ ಟಿವಿಯಲ್ಲಿ ಆಯ್ಕೆ ಮುಗೀತು ಅಂತ ತೋರಿಸೋ ಬಿಳಿ ಹೊಗೆ ನೋಡಿದ್ರು. ಶಾಲೆ ಶುರುವಾದ್ಮೇಲೆ ಕಾನ್‌ಕ್ಲೇವ್ ಅಂದ್ರೇನು ಮಿಸ್ ಅಂತ ಕೇಳಿದ್ರು. ಅದೂ ಚಾವೀದೇ, ಬೀಗ ಹಾಕಬಹುದಾದ ಕೋಣೆ ಅಂತ ಅರ್ಥ. 1268ರಲ್ಲಿ ಒಬ್ಬ ಪೋಪ್ ತೀರ್ಕೊಂಡಾಗ ಇಟಲಿಯ ವಿಟೆರ್ಬೊ ಊರಲ್ಲಿ ಕಾರ್ಡಿನಲ್‌ಗಳು (ಹೊಸ ಪೋಪ್‌ನ ಆರಿಸೋ ಹಿರಿಯ ಪಾದ್ರಿಗಳು) ಹೆಚ್ಚುಕಡಿಮೆ ಮೂರು ವರ್ಷ ಕೂತ್ರೂ ಒಮ್ಮತಕ್ಕೆ ಬರಲಿಲ್ಲ, ಊರಿನ ಜನ ಬೇಸತ್ತು ಅವರನ್ನ ಒಳಗೆ ಕೂಡಿಹಾಕಿದ್ರು, 1271ರಲ್ಲಿ ಕೊನೆಗೂ ಆಯ್ಕೆ ಆಯ್ತು, ಹಂಗೆ ಆಯ್ಕೆಯಾದ ಹತ್ತನೇ ಗ್ರೆಗರಿಯೇ 1274ರಲ್ಲಿ ಇನ್ಮೇಲೆ ಬೀಗ ಹಾಕಿದ ಜಾಗದಲ್ಲೇ ಆಯ್ಕೆ ನಡೀಬೇಕು ಅಂತ ನಿಯಮ ಮಾಡಿದ. ಕಥೆ ಕೇಳಿದ ಮೇಲೆ ಆ ಪದ ಯಾರಿಗೂ ಮರೆಯಲ್ಲ.

ಫಾಸ್ಟ್ ಅನ್ನೋ ಪದಕ್ಕೆ ನಾನು ಒಂದು ಪೂರ್ತಿ ಪೀರಿಯಡ್ ಕೊಡ್ತೀನಿ. ಇದರ ಹಳೇ ಅರ್ಥ ಬೇಗ ಅಲ್ಲ, ಗಟ್ಟಿ, ಅಲ್ಲಾಡದ್ದು. ಫಾಸನ್ ಅಂದ್ರೆ ಗಟ್ಟಿ ಮಾಡು (ಸ್ಪೆಲ್ಲಿಂಗಲ್ಲಿ ಟೀ ಇದೆ, ಬಾಯಲ್ಲಿ ಇಲ್ಲ, ಮಕ್ಕಳು ಯಾವಾಗ್ಲೂ ಫಾಸ್ಟನ್ ಅಂತಾರೆ, ತಿದ್ದಬೇಕು). ಗಟ್ಟಿಯಾಗಿ, ಪಟ್ಟುಹಿಡಿದು ಓಡೋದು ಅನ್ನೋದ್ರಿಂದ ಜೋರಾಗಿ ಓಡೋದು ಅಂತ ಅರ್ಥ ಹೊರಳ್ತು. ಉಪವಾಸಕ್ಕೂ ಫಾಸ್ಟ್ ಅಂತಾರೆ, ವ್ರತವನ್ನ ಗಟ್ಟಿಯಾಗಿ ಹಿಡಿಯೋದು. ಶಿವರಾತ್ರಿ ಉಪವಾಸ ಮಾಡೋ ಮನೆ ಮಕ್ಕಳಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯಾನೇ ಬೀಳಲ್ಲ, ಬ್ರೇಕ್‌ಫಾಸ್ಟ್ ಅಂದ್ರೆ ಉಪವಾಸ ಮುರಿಯೋದು ಅಂತ ಅವರೇ ಹೇಳಿದ್ರು. ಬಟ್ಟೆ ಅಂಗಡೀಲಿ ಸೀರೆ ತೋರಿಸ್ತಾ "ಫಾಸ್ಟ್ ಕಲರ್ ಅಕ್ಕಾ" ಅಂತಾರಲ್ಲ, ಅಲ್ಲಿ ಹಳೇ ಅರ್ಥ ಹಂಗೇ ಉಳ್ಕೊಂಡಿದೆ, ಬಣ್ಣ ಬಿಡಲ್ಲ, ಕಚ್ಕೊಂಡಿರುತ್ತೆ ಅಂತ.

ಕಾಲಿನ ಪದಗಳು ಇನ್ನೊಂದು ಪುಟ. ತುಡುಗು ಹಸು ಇದ್ರೆ ಹೊಲ ನುಗ್ಗದೇ ಇರಲಿ ಅಂತ ಮುಂಗಾಲಿಗೂ ಕೊರಳಿಗೂ ಸೇರಿಸಿ ಹಗ್ಗ ಕಟ್ತಾರೆ, ತಲೆ ಎತ್ತಿದ್ರೆ ಕಾಲು ಎಳೆಯುತ್ತೆ, ಕಾಲು ಹಾಕಿದ್ರೆ ತಲೆ ಬಗ್ಗುತ್ತೆ. ಒಬ್ಬ ಹುಡುಗ ಇದನ್ನ ಬೋರ್ಡ್ ಮೇಲೆ ಚಿತ್ರ ಬರೆದ, ಗಂಟು ಎಲ್ಲಿ ಬರುತ್ತೆ ಅನ್ನೋದು ಸಮೇತ. ಅದರ ಕೆಳಗೆ ನಾನು ಫೆಟರ್ ಅಂತ ಬರೆದೆ. ಫೆಟರ್, ಫುಟ್, ನಮ್ಮ ಪಾದ, ಲ್ಯಾಟಿನ್ನಿನ ಪೆಡ್, ಎಲ್ಲಾ ಒಂದೇ ಬೇರು. ಇಂಪೀಡ್ ಅಂದ್ರೆ ಕಾಲಿಗೆ ಕಟ್ಟು ಹಾಕೋದು, ಎಕ್ಸ್‌ಪೆಡೈಟ್ ಅಂದ್ರೆ ಆ ಕಟ್ಟು ಬಿಚ್ಚಿ ಬಿಡೋದು. ಆಫೀಸಿಗೆ ಬರೆಯೋ ಪತ್ರದಲ್ಲಿ 'ದಯವಿಟ್ಟು ಎಕ್ಸ್‌ಪೆಡೈಟ್ ಮಾಡಿ' ಅಂತ ಬರೀತೀವಲ್ಲ, ನನ್ನದೇ ಒಂದು ಫೈಲು ಎರಡು ವರ್ಷ ಒಂದು ಆಫೀಸಲ್ಲಿ ಬಿದ್ದಿತ್ತು, ಆ ಪದ ಬರೆಯುವಾಗೆಲ್ಲ ನನಗೆ ಆ ಹಸುವಿನ ಮುಂಗಾಲೇ ಕಣ್ಣಮುಂದೆ ಬರ್ತಿತ್ತು. ಕೈಕೋಳಕ್ಕೆ ಮ್ಯಾನಕಲ್, ಅದು ಲ್ಯಾಟಿನ್ನಿನ ಮಾನುಸ್, ಕೈ. ನೇಲ್ ಅಂದ್ರೆ ಉಗುರೂ ಹೌದು ಮೊಳೆಯೂ ಹೌದು, ಅದು ನಮ್ಮ ನಖದ ಸಂಬಂಧಿ. ಬೋಲ್ಟ್ ಮೊದಲು ಬಾಣ, ಮೋಟು ಗಟ್ಟಿ ಬಾಣ, ಬಾಗಿಲಿಗೆ ಬಂದಿದ್ದು ಆಮೇಲೆ. ಬಕಲ್ ಅಂದ್ರೆ ಪುಟ್ಟ ಕೆನ್ನೆ, ಶಿರಸ್ತ್ರಾಣದ ಪಟ್ಟಿ ಕೆನ್ನೆ ಹತ್ರ ಬರ್ತಿತ್ತಲ್ಲ ಅದಕ್ಕೆ.

ಬೈಂಡ್ ಅನ್ನೋದು ಎಲ್ಲಕ್ಕಿಂತ ಸುಲಭ, ಯಾಕಂದ್ರೆ ಮಕ್ಕಳಿಗೆ ಬಂದ್ ಗೊತ್ತು, ಬಂದ್ ಅಂದ್ರೆ ಶಾಲೆಗೆ ರಜ. ಬಂದ್ ಪಾರ್ಸಿ ಕಡೆಯಿಂದ ಬಂದಿದ್ದು, ಸಂಸ್ಕೃತದ ಬಂಧನ, ಬಂಧು, ಸಂಬಂಧ, ಇಂಗ್ಲಿಷಿನ ಬೈಂಡ್, ಬಾಂಡ್, ಬಂಡಲ್ ಎಲ್ಲಾ ಅಣ್ಣತಮ್ಮಂದಿರು. ತಲೆಗೆ ಕಟ್ಟೋ ಬಂಡಾನಾ ನಮ್ಮ ದೇಶದಿಂದಾನೇ ಹೋಗಿದ್ದು, ಬಟ್ಟೆನ ಗಂಟು ಗಂಟು ಕಟ್ಟಿ ಬಣ್ಣ ಹಾಕೋ ಕೆಲಸದ ಹಿಂದಿ ಹೆಸರಿಂದ. ಇಲ್ಲೂ ಒಮ್ಮೆ ಎಡವಿದೆ, ಬಾಂಡೇಜ್ ಅಂದ್ರೆ ಜೀತ, ಅದೂ ಬೈಂಡ್ ಗುಂಪಿನದೇ ಅಂತ ಸೇರಿಸಿದ್ದೆ. ಅಲ್ಲ. ಅದು ರೈತ, ಮನೆ ಯಜಮಾನ ಅನ್ನೋ ಅರ್ಥದ 'ಬೋಂಡ' ಅನ್ನೋ ಹಳೇ ಪದದಿಂದ ಬಂದಿದ್ದು. ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆ ರೈತನ ಸ್ಥಿತಿ ಕುಸೀತಾ ಹೋಗಿ ಜಮೀನ್ದಾರನ ಕೈಕೆಳಗಿನ ಆಳಾದ, ಪದದ ಅರ್ಥಾನೂ ಅವನ ಜೊತೆಗೇ ಕುಸೀತು. ತನ್ನ ಮನೆಗೆ ತಾನೇ ಯಜಮಾನ ಆಗಿದ್ದವನ ಹೆಸರು ಜೀತಕ್ಕೆ ನಿಂತ್ಬಿಡ್ತು. ಇದನ್ನ ಓದಿದ ದಿನ ನನಗೆ ನಿಜವಾಗ್ಲೂ ಸಂಕಟ ಆಯ್ತು, ಮಕ್ಕಳಿಗೂ ಹಂಗೇ ಹೇಳಿದೆ.

ಜೈಲು ಅಂದ್ರೆ ಪುಟ್ಟ ಪಂಜರ, ಲ್ಯಾಟಿನ್ನಿನ ಕಾವೆಯೋಲಾ, ಕೇಜ್ ಅನ್ನೋದೂ ಅದೇ ಮನೆಯದು. ಹಳೇ ಬ್ರಿಟಿಷ್ ಪುಸ್ತಕದಲ್ಲಿ ಅದನ್ನೇ ಜೀ ಎ ಓ ಎಲ್ ಅಂತ ಬರೆದಿರ್ತಾರೆ, ಓದೋದು ಮಾತ್ರ ಜೈಲ್ ಅಂತಾನೇ. ನಾರ್ಮನ್ನರು ಗ ಅಂತಿದ್ರು, ಪ್ಯಾರಿಸ್ ಕಡೆಯವರು ಜ ಅಂತಿದ್ರು, ಒಂದರ ಸ್ಪೆಲ್ಲಿಂಗು ಇನ್ನೊಂದರ ಉಚ್ಚಾರ ಉಳೀತು. ಗಿಳಿ ಸಾಕಿದ್ದ ಹುಡುಗಿಯೊಬ್ಬಳು ಇದನ್ನ ಕೇಳಿ ಸುಮ್ಮನೆ ಕೂತಿದ್ಳು, ಏನೂ ಮಾತಾಡ್ಲಿಲ್ಲ, ನಾನೂ ಕೆದಕಲಿಲ್ಲ.

ನನಗೆ ತೀರಾ ಇಷ್ಟದ್ದು ಸೆಕ್ಯೂರ್. ಲ್ಯಾಟಿನ್ನಲ್ಲಿ 'ಸೆ' ಅಂದ್ರೆ ಇಲ್ಲದೆ, 'ಕೂರಾ' ಅಂದ್ರೆ ಚಿಂತೆ, ಕಾಳಜಿ. ಅಂದ್ರೆ ಸರಿಯಾಗಿ ನಮ್ಮ ನಿಶ್ಚಿಂತೆ. ಕನ್ನಡದಲ್ಲಿ ಇಷ್ಟು ಹೊಂದೋ ಪದ ಇದ್ದೂ ನಾವು ಪಾಠದಲ್ಲಿ ಬರೀ ಸುರಕ್ಷಿತ, ಭದ್ರ ಅಂತಾನೇ ಬರೆಸ್ತೀವಿ. ಅದೇ ಪದ ಫ್ರೆಂಚ್ ಬಾಯಲ್ಲಿ ಸವೆದು ಸವೆದು ಶ್ಯೂರ್ ಆಗಿ ಇಂಗ್ಲಿಷಿಗೆ ಬಂತು. ಬಾಗಿಲು ಹಾಕಿ, ಚಿಲಕ ಒಮ್ಮೆ ಎಳೆದು ನೋಡಿ ಮಲಗ್ತೀವಲ್ಲ, ಆ ಎಳೆದು ನೋಡಿದ ಮೇಲೆ ಮನಸ್ಸಿಗೆ ಬರೋದೇ ಸೆಕ್ಯೂರ್ ಅಂತ ಮಕ್ಕಳಿಗೆ ಹೇಳ್ತೀನಿ. ನಮ್ಮ ಅಮ್ಮ ರಾತ್ರಿ ಮೂರು ಸಲ ಎದ್ದು ಅಗುಳಿ ಮುಟ್ಟಿ ನೋಡೋರು.

ನೀವೂ ಮಾಡೋದಾದ್ರೆ, ಒಂದು ಪುಟಕ್ಕೆ ಒಂದೇ ಬೇರು ಇಡಿ, ಪಕ್ಕದಲ್ಲಿ ಮುಟ್ಟೋಕೆ ಸಿಗೋ ಒಂದು ವಸ್ತುವಿನ ಹೆಸರು, ಕೆಳಗೆ ಕನ್ನಡದಲ್ಲಿ ನೆಂಟರಿದ್ರೆ ಅದು, ಇಲ್ಲಾಂದ್ರೆ ಜಾಗ ಖಾಲಿ ಬಿಡಿ, ತುಂಬಿಸಲೇಬೇಕು ಅಂತ ಎಳ್ಕೊಂಡು ಬರೋಕೆ ಹೋಗ್ಬೇಡಿ. ವಾರಕ್ಕೆ ಎರಡು ಪುಟ ಸಾಕು. ಹೆಚ್ಚು ಮಾಡಿದ್ರೆ ಮತ್ತೆ ಬಾಯಿಪಾಠದ ಕಡೆಗೇ ಹೋಗುತ್ತೆ, ನಾನು ಒಂದು ವರ್ಷ ವಾರಕ್ಕೆ ಆರು ಪುಟ ಮಾಡಿ ನೋಡಿದೆ, ಮಕ್ಕಳು ಸುಸ್ತಾಗಿಬಿಟ್ರು. ಪರೀಕ್ಷೆಗೆ ಇದು ಬರುತ್ತಾ ಅಂತ ಕೆಲವು ತಂದೆತಾಯಿ ಕೇಳ್ತಾರೆ, ಇದು ಹಂಗೇ ಬರಲ್ಲ, ಆದ್ರೆ ಪ್ಯಾಸೇಜಲ್ಲಿ ಹೊಸ ಪದ ಬಂದಾಗ ಹೆದರದೇ ಅದನ್ನ ಬಿಡಿಸಿ ನೋಡೋ ಮಕ್ಕಳು ಈಗ ಪ್ರತಿ ಕ್ಲಾಸಲ್ಲೂ ಏಳೆಂಟು ಜನ ಸಿಗ್ತಾರೆ.

ಈ ಸಲ ಎಂಟನೇ ಕ್ಲಾಸಿಗೆ ಬಳ್ಳಾರಿ ಕಡೆಯಿಂದ ಕಬ್ಬು ಕಡಿಯೋಕೆ ಬಂದವರ ಹುಡುಗ ಒಬ್ಬ ಸೇರಿದ್ದಾನೆ. ಮೊದಲನೇ ದಿನ ಎಂದಿನಂತೆ ಮೇಜಿನ ಮೇಲೆ ಬೀಗ ಇಟ್ಟು ಇದೇನು ಅಂತ ಕೇಳಿದೆ. ಎಲ್ಲರೂ ಬೀಗ ಅಂದ್ರು. ಅವನು ಹಿಂದಿನ ಬೆಂಚಿಂದ ಮೆಲ್ಲಗೆ "ಕೀಲಿ ರೀ" ಅಂದ. ಎಲ್ಲರೂ ತಿರುಗಿ ಅವನ ಮುಖ ನೋಡಿದ್ರು. ಚಾಕ್‌ಪೀಸ್ ಅವನ ಕೈಗೆ ಕೊಟ್ಟು, ಬಾಪ್ಪಾ, ಬೋರ್ಡ್ ಮೇಲೆ ದೊಡ್ಡದಾಗಿ ಬರಿ ಅಂದೆ.