ಚೆಂಡಿನಿಂದ ಕಣ್ಣು ಕೀಳಿ: ಬೇಸ್‌ಬಾಲ್, ಫುಟ್‌ಬಾಲ್, ಜಾಝ್ ಸವಿಯುವ ಬಗೆ

ಅಮೆರಿಕದ ಕ್ಯಾನ್ಸಸ್ ಸಿಟಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ನನ್ನ ಹತ್ತಿರ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಬೇಸ್‌ಬಾಲ್‌ನಲ್ಲಿ ಏನೂ ನಡೆಯೋದಿಲ್ಲ ಅಂಕಲ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಲ್ಲ ಒಟ್ಟಿಗೇ ನಡೆಯುತ್ತೆ, ತಲೆಬುಡ ತಿಳಿಯೋದಿಲ್ಲ. ಜಾಝ್ ಕೇಳಿದರೆ ನಿದ್ದೆ ಬರುತ್ತೆ. ಮೂರಕ್ಕೂ ನಾನು ಕೊಡುವ ಮದ್ದು ಒಂದೇ. ಎಲ್ಲರ ಕಣ್ಣು ಹೋಗುವ ಕಡೆ ನಿಮ್ಮ ಕಣ್ಣು ಹೋಗದ ಹಾಗೆ ನೋಡಿಕೊಳ್ಳಿ. ಆಟದಲ್ಲಿ ಚೆಂಡು ಬಿಟ್ಟು ಉಳಿದವರನ್ನು ನೋಡಿ. ಜಾಝ್‌ನಲ್ಲಿ ಸೋಲೋ ನುಡಿಸುವವನನ್ನು ಬಿಟ್ಟು ಅವನ ಹಿಂದಿರುವವರನ್ನು ಕೇಳಿ.

ನಾನು ಮೈಸೂರಿನವನು. ಕ್ಯಾನ್ಸಸ್ ಸಿಟಿಯಲ್ಲೇ ತಲೆ ಬೆಳ್ಳಗಾಯಿತು. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಇಲ್ಲಿಯವೇ: ಬೇಸ್‌ಬಾಲ್‌ಗೆ ರಾಯಲ್ಸ್ ತಂಡ, ಫುಟ್‌ಬಾಲ್‌ಗೆ ಚೀಫ್ಸ್ ತಂಡ, ಜಾಝ್‌ಗೆ ಪಿಯಾನೊ ವಾದಕ ಕೌಂಟ್ ಬೇಸಿ. ಬೇಸಿ ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ, ಆದರೆ ಬ್ಯಾಂಡ್ ಕಟ್ಟಿದ್ದು ಕ್ಯಾನ್ಸಸ್ ಸಿಟಿಯಲ್ಲಿ.

ಬೇಸ್‌ಬಾಲ್

ಮೊದಲು ಟಿವಿ ಬಿಟ್ಟು ಮೈದಾನಕ್ಕೆ ಹೋಗಿ. ಟಿವಿಯ ಕ್ಯಾಮೆರಾ ಚೆಂಡು ಎಸೆಯುವ ಪಿಚರ್ ಬೆನ್ನ ಹಿಂದೆ ಇರುತ್ತದೆ. ಪಿಚರ್, ಬ್ಯಾಟರ್, ಅವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್, ಅಂಪೈರ್, ಅಷ್ಟೇ ಕಾಣುವುದು. ಫೀಲ್ಡಿಂಗ್ ಮಾಡುವ ಒಂಬತ್ತು ಜನರಲ್ಲಿ ಏಳು ಜನ ಪರದೆಯ ಆಚೆ ಇರುತ್ತಾರೆ. ಆಟದ ಅರ್ಧ ಕಥೆ ಅವರದ್ದು. ರಾಯಲ್ಸ್ ಆಡುವ ಕಾಫ್‌ಮನ್ ಸ್ಟೇಡಿಯಂನಲ್ಲಿ ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹಿಂದಿನ ಮೇಲಂತಸ್ತಿನ ಟಿಕೆಟ್ ತಗೊಳ್ಳಿ. ಕೆಳಗಿನ ಸೀಟಿಗಿಂತ ಅಗ್ಗ, ಮತ್ತೆ ಇಡೀ ಮೈದಾನ ಕಣ್ಣಿಗೆ ಬೀಳುತ್ತದೆ. ಇಂಥ ಸೀಟಿಗೆ ದುಡ್ಡು ಕಡಿಮೆ ಯಾಕೋ ನನಗಂತೂ ಗೊತ್ತಾಗಿಲ್ಲ.

2023ರಿಂದ ಪಿಚ್ ಕ್ಲಾಕ್ ಬಂದಿದೆ. ಬೇಸ್‌ಗಳು (ರನ್ನರ್ ಓಡಿ ಮುಟ್ಟಬೇಕಾದ ಮೂಲೆಗಳು) ಖಾಲಿ ಇದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೆಯಬೇಕು. ಬೇಸ್ ಮೇಲೆ ಯಾರಾದರೂ ಇದ್ದರೆ ಈಗ 18 ಸೆಕೆಂಡ್. ಆ ಕೆಲವು ಸೆಕೆಂಡೇ ನಿಮ್ಮ ಪಾಠದ ಹೊತ್ತು. ಮೂರನೇ ಬೇಸ್ ಮೇಲೆ ರನ್ನರ್ ಇದ್ದು, ಇನ್ನೂ ಇಬ್ಬರು ಔಟ್ ಆಗಿಲ್ಲ ಅಂದುಕೊಳ್ಳಿ. ಬೇಸ್‌ಗಳ ಹತ್ತಿರ ಕಾಯುವ ಇನ್‌ಫೀಲ್ಡ್‌ನವರು ಮುಂದೆ ಬಂದು ನಿಂತರಾ? ಹಾಗಿದ್ದರೆ ಈ ಒಂದು ರನ್ ಬಿಟ್ಟುಕೊಡುವ ಮನಸ್ಸು ಅವರಿಗಿಲ್ಲ, ಚೆಂಡು ಸಿಕ್ಕ ಕೂಡಲೇ ಹೋಮ್‌ಗೆ ಎಸೆಯುತ್ತಾರೆ. ಹಿಂದೆಯೇ ನಿಂತರಾ? ರನ್ ಹೋದರೆ ಹೋಗಲಿ, ಔಟ್ ಸಿಗಲಿ ಅನ್ನುವ ಲೆಕ್ಕ. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ ಶಾರ್ಟ್ ಲೆಗ್ ಇಟ್ಟಾಗ ಬೌಲರ್ ಏನು ಮಾಡಲಿದ್ದಾನೆ ಅಂತ ನಾವು ಊಹಿಸುತ್ತಿದ್ದೆವಲ್ಲ, ಅದೇ ಕಣ್ಣು ಇಲ್ಲೂ ಸಾಕು.

ಇನ್ನೊಂದು ನೋಟ ಯಾರೂ ನಿಮಗೆ ಹೇಳಿಕೊಡುವುದಿಲ್ಲ. ಬೇಸ್‌ಗಳು ಖಾಲಿ. ಬ್ಯಾಟರ್ ನೆಲದ ಮೇಲೆ ಚೆಂಡು ಉರುಳಿಸಿದ. ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹಿಡಿದು ಮೊದಲನೇ ಬೇಸ್‌ಗೆ ಎಸೆಯುತ್ತಾನೆ. ಎಲ್ಲರೂ ಆ ಎಸೆತ ನೋಡುತ್ತಾರೆ. ನೀವು ಕ್ಯಾಚರ್‌ನನ್ನು ನೋಡಿ. ಮಂಡಿಗೆ, ಎದೆಗೆ ಅಷ್ಟು ಭಾರದ ಕವಚ ಕಟ್ಟಿಕೊಂಡವನು ಎದ್ದು ಮೊದಲನೇ ಬೇಸ್‌ನ ಹಿಂಬದಿಗೆ ಓಡುತ್ತಿರುತ್ತಾನೆ. ಎಸೆತ ತಪ್ಪಿ ಹೋದರೆ ಚೆಂಡು ಎತ್ತಿಕೊಳ್ಳಲು ಅಲ್ಲಿ ಒಬ್ಬ ಬೇಕು. ಎಸೆತ ತಪ್ಪುವುದೇ ಅಪರೂಪ. ಆದರೂ ಓಡುತ್ತಾನೆ, ಆಗಸ್ಟ್‌ನ ಸುಡುಬಿಸಿಲಲ್ಲೂ ಓಡುತ್ತಾನೆ. ನನಗೆ ಇಡೀ ಬೇಸ್‌ಬಾಲ್‌ನಲ್ಲಿ ತುಂಬಾ ಇಷ್ಟವಾದ ದೃಶ್ಯ ಇದು. ಯಾವ ಸ್ಕೋರ್‌ಬೋರ್ಡ್‌ನಲ್ಲೂ ಇದು ದಾಖಲಾಗುವುದಿಲ್ಲ.

ಚೆಂಡು ಬಿಟ್ಟು ನೋಡಿದವರಿಗೆ ಏನು ಸಿಗುತ್ತದೆ ಅನ್ನುವುದಕ್ಕೆ 2015ರ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ ಹುಡುಕಿ ನೋಡಿ. ನವೆಂಬರ್ 1, ನ್ಯೂಯಾರ್ಕ್‌ನಲ್ಲಿ ಮೆಟ್ಸ್ ವಿರುದ್ಧ. ಒಂಬತ್ತನೇ ಇನ್ನಿಂಗ್ಸ್, ರಾಯಲ್ಸ್ ಒಂದು ರನ್ ಹಿಂದೆ. ಎರಿಕ್ ಹಾಸ್ಮರ್ ಮೂರನೇ ಬೇಸ್ ಮೇಲಿದ್ದಾನೆ. ಸಾಲ್ವಡಾರ್ ಪೆರೆಜ್ ಹೊಡೆದ ಚೆಂಡು ಮೆಲ್ಲಗೆ ಮೂರನೇ ಬೇಸ್ ಕಡೆ ಉರುಳುತ್ತದೆ. ಮೆಟ್ಸ್‌ನ ಡೇವಿಡ್ ರೈಟ್ ಅದನ್ನು ಹಿಡಿದು ಹಾಸ್ಮರ್ ಕಡೆ ಒಮ್ಮೆ ನೋಡಿ, ಆಮೇಲೆ ಮೊದಲನೇ ಬೇಸ್‌ಗೆ ಎಸೆಯುತ್ತಾನೆ. ಚೆಂಡು ರೈಟ್ ಕೈ ಬಿಟ್ಟಿತೋ ಇಲ್ಲವೋ, ಹಾಸ್ಮರ್ ಹೋಮ್ ಕಡೆ ಓಟ ಕಿತ್ತ. ಮೊದಲನೇ ಬೇಸ್‌ನಲ್ಲಿದ್ದ ಲೂಕಾಸ್ ಡೂಡಾ ವಾಪಸ್ ಎಸೆದದ್ದು ಕ್ಯಾಚರ್‌ಗೆ ಸಿಗದೆ ಹೊರಗೆ ಹೋಯಿತು. ಸ್ಕೋರ್ ಸಮ ಆಯಿತು. 12 ಇನ್ನಿಂಗ್ಸ್‌ಗೆ ರಾಯಲ್ಸ್ 7-2ರಿಂದ ಗೆದ್ದು ಚಾಂಪಿಯನ್ ಆದರು. ವಿಡಿಯೊ ಹಾಕಿಕೊಂಡು ಮೊದಲಿಂದ ಕೊನೆವರೆಗೆ ಹಾಸ್ಮರ್ ಕಾಲನ್ನಷ್ಟೇ ನೋಡಿ. ರೈಟ್ ತನ್ನ ಕಡೆ ನೋಡಿದಾಗ ಅವನು ಎಲ್ಲಿದ್ದ, ತಲೆ ತಿರುಗಿಸಿದಾಗ ಎಷ್ಟು ಮುಂದೆ ಬಂದ, ಅದನ್ನು ನೋಡಿದರೆ ಬೇಸ್‌ಬಾಲ್‌ನಲ್ಲಿ ಏನೂ ನಡೆಯೋದಿಲ್ಲ ಅನ್ನುವ ಮಾತು ಮತ್ತೆ ನಿಮ್ಮ ಬಾಯಲ್ಲಿ ಬರುವುದಿಲ್ಲ.

ಮನೆಯಲ್ಲಿದ್ದರೆ ರೇಡಿಯೊದಲ್ಲಿ ಕೇಳಿ. 1969ರಲ್ಲಿ ರಾಯಲ್ಸ್ ತಂಡ ಶುರುವಾದಾಗಿನಿಂದ ಕಾಮೆಂಟರಿ ಹೇಳಿದ ಡೆನ್ನಿ ಮ್ಯಾಥ್ಯೂಸ್ ಅವರದ್ದು ಆತುರವಿಲ್ಲದ ದನಿ. ಫೀಲ್ಡರ್‌ಗಳು ಎಲ್ಲಿ ನಿಂತಿದ್ದಾರೆ ಅನ್ನುವುದನ್ನು ರೇಡಿಯೊದವರು ಹೇಳಲೇಬೇಕು, ಬೇರೆ ದಾರಿ ಇಲ್ಲ.

ಫುಟ್‌ಬಾಲ್

ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ. ಉಳಿದ ಹೊತ್ತೆಲ್ಲ ಯೋಚನೆ, ನಿಲ್ಲುವುದು, ಜಾಗ ಬದಲಿಸುವುದು. ಅದನ್ನು ಓದಲು ಬಂದರೆ ಸಾಕು.

ನಮ್ಮ ಪಕ್ಕದ ಮನೆಯ ಹಿರಿಯರು ಹೈಸ್ಕೂಲಿನಲ್ಲಿ ಲೈನ್‌ಮನ್‌ಗಳಿಗೆ (ಮುಂದಿನ ಸಾಲಲ್ಲಿ ನಿಂತು ತಳ್ಳಾಡುವವರು) ಕೋಚ್ ಆಗಿದ್ದವರು. ಟಿವಿ ಮುಂದೆ ಕೂತಾಗ ಅವರು ಹೇಳಿಕೊಟ್ಟ ಕ್ರಮವನ್ನೇ ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲ ಕ್ವಾರ್ಟರ್ (ಆಟದ ಕಾಲು ಭಾಗ) ಪೂರ್ತಿ ಒಬ್ಬ ಗಾರ್ಡ್‌ನನ್ನು ಮಾತ್ರ ನೋಡಿ. ಚೆಂಡು ಕೊಡುವ ಸೆಂಟರ್‌ನ ಪಕ್ಕದಲ್ಲಿ ಬಗ್ಗಿ ನಿಂತಿರುವ ದಪ್ಪ ಆಸಾಮಿ ಅವನೇ. ಸ್ನ್ಯಾಪ್ ಆದ, ಅಂದರೆ ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟ ಕೂಡಲೇ ಗಾರ್ಡ್ ತಲೆ ತಗ್ಗಿಸಿ ಮುಂದಕ್ಕೆ ನುಗ್ಗಿದರೆ, ಅದು ಚೆಂಡು ಹಿಡಿದು ಓಡುವ ಓಟ. ಬೆನ್ನು ನೆಟ್ಟಗೆ ಮಾಡಿ ಹಿಂದಕ್ಕೆ ಹೆಜ್ಜೆ ಇಟ್ಟರೆ, ಚೆಂಡು ಎಸೆಯುವ ಪಾಸ್. ತನ್ನ ಜಾಗ ಬಿಟ್ಟು ಪಕ್ಕಕ್ಕೆ ಓಡಿದರೆ, ಚೆಂಡು ಸಾಮಾನ್ಯವಾಗಿ ಅವನ ಹಿಂದೆಯೇ ಬರುತ್ತದೆ. ಎದುರು ತಂಡದ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳೂ ಇದನ್ನೇ ಓದುತ್ತಿರುತ್ತಾರೆ. ಎರಡನೇ ಕ್ವಾರ್ಟರ್‌ನಲ್ಲಿ ಡಿಫೆನ್ಸ್‌ನ ಹಿಂದೆ ಆಳದಲ್ಲಿ ನಿಂತ ಸೇಫ್ಟಿಗಳನ್ನು ಎಣಿಸಿ. ಇಬ್ಬರಿದ್ದರೆ ದೂರದ ಪಾಸ್‌ಗೆ ಹೆದರಿದ್ದಾರೆ, ಓಟಕ್ಕೆ ಜಾಗ ಸಿಗಬಹುದು. ಒಬ್ಬನೇ ಇದ್ದರೆ ಇನ್ನೊಬ್ಬ ಮುಂದೆ ಬಂದು ಓಟ ತಡೆಯಲು ಕಾದಿದ್ದಾನೆ.

ಮೂರನೆಯದು ನನಗೆ ಅತಿ ಪ್ರಿಯವಾದದ್ದು: ಮೋಷನ್. ಸ್ನ್ಯಾಪ್‌ಗೆ ಮುಂಚೆ ಪಾಸ್ ಹಿಡಿಯುವ ಒಬ್ಬ ರಿಸೀವರ್ ಸಾಲಿನ ಈ ಕಡೆಯಿಂದ ಆ ಕಡೆಗೆ ಓಡುತ್ತಾನೆ. ಯಾವನಾದರೂ ಡಿಫೆಂಡರ್ ಅವನ ಬೆನ್ನು ಹತ್ತಿದರೆ, ಒಬ್ಬೊಬ್ಬರಿಗೆ ಒಬ್ಬೊಬ್ಬರು ಕಾವಲು ಅಂತ ಅರ್ಥ. ಯಾರೂ ಹತ್ತದಿದ್ದರೆ, ಜಾಗ ಕಾಯುತ್ತಿದ್ದಾರೆ. 2023ರ ಫೆಬ್ರವರಿಯಲ್ಲಿ ಈಗಲ್ಸ್ ವಿರುದ್ಧದ ಸೂಪರ್ ಬೌಲ್ ಫೈನಲ್‌ನ ಕೊನೆಯ ಕ್ವಾರ್ಟರ್ ಹಾಕಿ ನೋಡಿ. ಚೆಂಡು ಮುಟ್ಟಿಸಬೇಕಾದ ಕೊನೆಯ ಪಟ್ಟಿ, ಅಂದರೆ ಎಂಡ್ ಝೋನ್‌ಗೆ 5 ಗಜ. ಚೀಫ್ಸ್‌ನ ಕಡೇರಿಯಸ್ ಟೋನಿ ಮಧ್ಯದ ಕಡೆ ಮೋಷನ್ ಶುರುಮಾಡಿದ. ಈಗ ಆ ಬದಿಗೆ ದಾಟುತ್ತಾನೆ ಅಂತ ಡಿಫೆಂಡರ್‌ಗಳು ಕಾವಲು ಬದಲಿಸಿಕೊಂಡರು. ಅವನು ತಟ್ಟನೆ ಬಂದ ದಾರಿಯಲ್ಲೇ ಹೊರಕ್ಕೆ ತಿರುಗಿದ. ಸುತ್ತ ಒಬ್ಬರೂ ಇಲ್ಲ. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಸಲೀಸಾಗಿ ಎಸೆದ. ಸ್ವಲ್ಪ ಹೊತ್ತಿಗೆ ಅದೇ ಆಟವನ್ನು ಇನ್ನೊಂದು ಬದಿಯಿಂದ ಸ್ಕೈ ಮೂರ್‌ಗೆ ಆಡಿದರು, ಅವನೂ ಒಬ್ಬನೇ ನಿಂತು ಹಿಡಿದ. ಚೀಫ್ಸ್ 38-35ಕ್ಕೆ ಗೆದ್ದರು. ಕ್ವಾರ್ಟರ್‌ಬ್ಯಾಕ್‌ನ ತೋಳನ್ನೇ ನೋಡುತ್ತಾ ಕೂತವರಿಗೆ ಈ ಎರಡು ಟಚ್‌ಡೌನ್ ಮಾಮೂಲಿ ಪಾಸ್ ಅನ್ನಿಸಿರುತ್ತದೆ.

ಚೀಫ್ಸ್ ಆಡುವ ಆರೋಹೆಡ್ ಸ್ಟೇಡಿಯಂಗೆ ಹೋಗುವುದಾದರೆ ಎಂಡ್ ಝೋನ್ ಹಿಂದಿನ ಎತ್ತರದ ಸೀಟು ನೋಡಿ. ಲೈನ್‌ನಲ್ಲಿ ಸಂದು ಬಿಡುವುದು, ಮುಚ್ಚುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. 2014ರ ಸೆಪ್ಟೆಂಬರ್ 29ರಂದು ಅಲ್ಲಿಯ ಗದ್ದಲ 142.2 ಡೆಸಿಬೆಲ್ ಮುಟ್ಟಿ ದಾಖಲೆ ಆಯಿತು. ಆದರೆ ಆ ಕೂಗು ಎದುರಾಳಿಯ ಹತ್ತಿರ ಚೆಂಡಿದ್ದಾಗ. ನಮ್ಮವರ ಸರದಿಯಲ್ಲಿ ಸುಮ್ನೆ ಇರಬೇಕು, ಮಹೋಮ್ಸ್ ಮಾತು ಅವನ ಲೈನ್‌ಗೆ ಕೇಳಬೇಕಲ್ಲ.

ಜಾಝ್

ಫೋನಿನ ಸ್ಪೀಕರ್‌ನಲ್ಲಿ ಜಾಝ್ ಕೇಳಬೇಡಿ. ಡಬಲ್ ಬೇಸ್‌ನ (ನೆಲದ ಮೇಲೆ ನಿಲ್ಲಿಸಿ ನುಡಿಸುವ ದೊಡ್ಡ ತಂತಿವಾದ್ಯ) ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಝ್. ಅಷ್ಟು ಮಂದ್ರ ಆ ಚಿಕ್ಕ ಸ್ಪೀಕರ್‌ನಿಂದ ಬರುವುದಿಲ್ಲ. ನಾನು ಹಿಂದಿನವರನ್ನು ಕೇಳಿ ಅನ್ನುತ್ತಿದ್ದೇನೆ, ಫೋನು ಅವರನ್ನೇ ನುಂಗಿಬಿಡುತ್ತದೆ. ಸಾಧಾರಣ ಹೆಡ್‌ಫೋನ್ ಆದರೂ ಸಾಕು. ಅಡುಗೆ ಮಾಡುತ್ತಾ, ಮೇಲ್ ನೋಡುತ್ತಾ ಕೇಳುವುದೂ ಬೇಡ. "ಬೆಸ್ಟ್ ಆಫ್ ಜಾಝ್" ಥರದ ಪಟ್ಟಿಗಳು ನನಗೆ ಹಿಡಿಸುವುದಿಲ್ಲ. ಒಂದೇ ರೆಕಾರ್ಡಿಂಗ್ ತಗೊಂಡು ಮತ್ತೆ ಮತ್ತೆ ಕೇಳಿ.

ಮೊದಲಿಗೆ ಕೌಂಟ್ ಬೇಸಿಯ "ಒನ್ ಓ'ಕ್ಲಾಕ್ ಜಂಪ್". 1937ರ ಜುಲೈನಲ್ಲಿ ಡೆಕ್ಕಾ ಕಂಪನಿಗೆ ನುಡಿಸಿದ್ದೇ ಬೇಕು. ಬೇಸಿ ಇದನ್ನು ಆಮೇಲೆ ಎಷ್ಟೋ ಸಲ ರೆಕಾರ್ಡ್ ಮಾಡಿದ, ಹಾಗಾಗಿ ಇಸವಿ ನೋಡಿ ಆರಿಸಿ. ಮೊನೋ ಆಗಿರಲಿ. 1960ರ ದಶಕದಲ್ಲಿ ಕಂಪನಿಗಳು ಹಳೆಯ ಮೊನೋ ರೆಕಾರ್ಡ್‌ಗಳನ್ನು ಕೃತಕವಾಗಿ ಸ್ಟೀರಿಯೊ ಮಾಡಿ ಮಾರಿದವು. ಅವುಗಳಲ್ಲಿ ದನಿ ಟೊಳ್ಳಾಗಿ, ದೂರದಿಂದ ಬಂದ ಹಾಗೆ ಕೇಳುತ್ತದೆ.

78 ಆರ್‌ಪಿಎಂ ತಟ್ಟೆಗಳ ಕಾಲದ್ದಾದ್ದರಿಂದ ಇಡೀ ಹಾಡು ಮೂರೇ ನಿಮಿಷ. ಮೊದಲ ಸಲ ಸುಮ್ನೆ ಎಣಿಸಿ. ನಾಲ್ಕು ಎಣಿಕೆಯ ಒಂದು ಬಾರ್, ಅಂಥ 12 ಬಾರ್ ಸೇರಿ ಒಂದು ಸುತ್ತು, ಒಟ್ಟು 48 ಎಣಿಕೆ. ತಾಳ ಹಾಕಿ ಬೆಳೆದವರಿಗೆ ಆವರ್ತ ಹಿಡಿಯುವುದು ಹೇಳಿಕೊಡಬೇಕಾಗಿಲ್ಲ. ಒಂದೇ ವ್ಯತ್ಯಾಸ, ಚಪ್ಪಾಳೆ ಒಂದು-ಮೂರಕ್ಕೆ ಬೇಡ, ಎರಡು-ನಾಲ್ಕಕ್ಕೆ ಬರಲಿ. ಬೇಸಿಯ ಪಿಯಾನೊ ಮುಗಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸುತ್ತು. ಮೊದಲು ಹರ್ಷಲ್ ಇವಾನ್ಸ್‌ನ ಟೆನರ್ ಸ್ಯಾಕ್ಸೊಫೋನ್, ಆಮೇಲೆ ಟ್ರಾಂಬೋನ್, ಆಮೇಲೆ ಲೆಸ್ಟರ್ ಯಂಗ್‌ನ ಟೆನರ್, ಆಮೇಲೆ ಬಕ್ ಕ್ಲೇಟನ್‌ನ ಟ್ರಂಪೆಟ್. ಇವಾನ್ಸ್‌ನದು ದಪ್ಪ, ಕಪ್ಪು ದನಿ. ಯಂಗ್‌ನದು ಹಗುರ, ಗಾಳಿ ತುಂಬಿದ ದನಿ. ವಾದ್ಯ ಒಂದೇ, ಆದರೂ ಇಬ್ಬರನ್ನು ಅದಲುಬದಲು ಮಾಡಿಕೊಳ್ಳಲು ಸಾಧ್ಯವಿಲ್ಲ.

ಇಷ್ಟಾದ ಮೇಲೆ ಅವರೆಲ್ಲರನ್ನೂ ಮರೆತು ವಾಲ್ಟರ್ ಪೇಜ್‌ನ ಡಬಲ್ ಬೇಸ್ ಒಂದನ್ನೇ ಹಿಡಿಯಿರಿ. ಪ್ರತಿ ಎಣಿಕೆಗೂ ಒಂದು ಸ್ವರ, ಮೇಲೆ ಹತ್ತಿ ಕೆಳಗೆ ಇಳಿಯುತ್ತಾ ನಡೆದುಕೊಂಡೇ ಹೋಗುತ್ತಾನೆ. ಕ್ಲೇಟನ್ ಮುಗಿಸಿದ ನಂತರದ ಸುತ್ತಿನಲ್ಲಿ ಬೇಸಿ ಪಿಯಾನೊದಲ್ಲಿ ನಾಲ್ಕಾರು ಸ್ವರ ಉದುರಿಸಿ ಸುಮ್ಮನಾಗುತ್ತಾನೆ. ಆಗ ಪೇಜ್ ಪೂರ್ತಿ ಕಿವಿ ತುಂಬುತ್ತಾನೆ. ಇಡೀ ಬ್ಯಾಂಡ್ ಇಷ್ಟು ಹೊತ್ತು ಯಾರ ಬೆನ್ನ ಮೇಲೆ ಕೂತಿತ್ತು ಅನ್ನುವುದು ಅಲ್ಲಿ ಬಯಲಾಗುತ್ತದೆ. ಇನ್ನೊಂದು ಸಲ ಡ್ರಮ್ಸ್ ನುಡಿಸುವ ಜೋ ಜೋನ್ಸ್‌ನ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಕೇಳಿ. ಕೊನೆಗೆ ಫ್ರೆಡ್ಡಿ ಗ್ರೀನ್‌ನ ಗಿಟಾರ್. ಇದು ಕಷ್ಟದ ಕೆಲಸ. ಮೈಕಿಲ್ಲದ ಗಿಟಾರ್, ಎಣಿಕೆಗೆ ಒಂದು ಏಟು, ಡ್ರಮ್ಸ್‌ನ ಜೊತೆ ಬೆರೆತುಹೋಗುತ್ತದೆ. 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ ಗ್ರೀನ್ ಆ ಬ್ಯಾಂಡ್‌ನಲ್ಲಿದ್ದ, ಸೋಲೋ ನುಡಿಸಿದ್ದು ತೀರಾ ಅಪರೂಪ. ಅವನ ಮೇಲೆ ನನಗೆ ಇರುವ ಗೌರವ ದೊಡ್ಡ ದೊಡ್ಡ ಸೋಲೋ ವಾದಕರ ಮೇಲೂ ಇಲ್ಲ.

ಎರಡನೆಯದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ "ಕೈಂಡ್ ಆಫ್ ಬ್ಲೂ", 1959. ಮೊದಲ ಹಾಡು "ಸೋ ವಾಟ್"ನಲ್ಲಿ ಪಲ್ಲವಿ ಹಾಡುವುದೇ ಪಾಲ್ ಚೇಂಬರ್ಸ್‌ನ ಡಬಲ್ ಬೇಸ್. ಉಳಿದವರು ಎರಡೇ ಏಟಿನಲ್ಲಿ ಉತ್ತರ ಕೊಡುತ್ತಾರೆ. ಸುತ್ತು 32 ಬಾರ್‌ನದು. 16 ಬಾರ್ ಒಂದು ಶ್ರುತಿ, 8 ಬಾರ್ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ಕೆಳಗೆ. ಆ ಏರಿಳಿತ ಕಿವಿಗೆ ಸಿಕ್ಕಿತು ಅಂದರೆ ದಾರಿ ತಪ್ಪುವ ಭಯ ಹೋಯಿತು. ಹಳೆಯ ಎಲ್‌ಪಿ ಕೊಳ್ಳುವವರಿಗೆ ಒಂದು ಮಾತು. ಮೊದಲ ಬದಿಯ ಮೂರು ಹಾಡನ್ನು ದಾಖಲಿಸಿದ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ರೆಕಾರ್ಡ್‌ನಲ್ಲಿ ಶ್ರುತಿ ತುಸು ಏರಿದೆ. 1992ರ ಆವೃತ್ತಿಯಲ್ಲಿ ಅದನ್ನು ಸರಿಮಾಡಿದರು. ಸರಿಮಾಡಿದ್ದನ್ನೇ ಕೊಳ್ಳಿ.

ಆಮೇಲೆ ಪಿಯಾನೊ ವಾದಕ ಬಿಲ್ ಇವಾನ್ಸ್ ತ್ರಿವಳಿ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ 1961ರ ಜೂನ್ 25ರ ಭಾನುವಾರ ನುಡಿಸಿದ್ದು. ಗ್ಲಾಸುಗಳ ಸದ್ದು, ಜನರ ಮಾತು ಎಲ್ಲ ಕೇಳಿಸುತ್ತದೆ. ಇಲ್ಲಿ ಸ್ಕಾಟ್ ಲಫಾರೊನ ಡಬಲ್ ಬೇಸ್ ನಡೆಯುತ್ತಾ ಹೋಗುವುದಿಲ್ಲ, ಪಿಯಾನೊಗೆ ಸಮನಾಗಿ ಮಾತಾಡುತ್ತದೆ. ಜುಲೈ 6ರಂದು ಅವನು ಕಾರು ಅಪಘಾತದಲ್ಲಿ ಹೋಗಿಬಿಟ್ಟ, 25 ವರ್ಷಕ್ಕೆ. ಈ ರೆಕಾರ್ಡ್ ಹಾಕಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನಮ್ಮ ಕ್ಯಾನ್ಸಸ್ ಸಿಟಿಯ ಹುಡುಗ, 1920ರಲ್ಲಿ ಹುಟ್ಟಿದವನು. ಆದರೂ ಶುರುವಿಗೆ ಅವನು ಬೇಡ. 1945ರ "ಕೋ-ಕೋ" ವೇಗಕ್ಕೆ ಹೊಸ ಕಿವಿ ನಿಲ್ಲುವುದಿಲ್ಲ. ಬೇಸಿ ಕೇಳಿ ಪಳಗಿದ ಮೇಲೆ ಹಾಕಿ, ಆಗಲೂ ಮೊದಲು ಮ್ಯಾಕ್ಸ್ ರೋಚ್‌ನ ಡ್ರಮ್ಸ್ ಹಿಡಿಯಿರಿ.

ಕನ್ನಡದವರು ತಪ್ಪದೆ ಕೇಳಬೇಕಾದದ್ದು 1983ರ "ಜ್ಯೋತಿ". ಬಾಸ್ಟನ್‌ನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸೇರಿ ಮಾಡಿದ್ದು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಹಾಡುಗಾರಿಕೆ. ತೊಡೆಯ ಮೇಲೆ ತಾಳ ಹಾಕುತ್ತಾ, ಸ್ಯಾಕ್ಸೊಫೋನ್ ಪಕ್ಕಕ್ಕಿಟ್ಟು ಮೃದಂಗದ ಮೇಲೆ ಕಿವಿ ಇಡಿ. ಇಷ್ಟು ದಿನ ವಾಲ್ಟರ್ ಪೇಜ್‌ನನ್ನು ಹಿಡಿದ ಕಿವಿಗೆ ಮಣಿ ಅವರು ಮರಿಯಾನೊನನ್ನು ಎಲ್ಲಿ ಎತ್ತಿ ಹಿಡಿದಿದ್ದಾರೆ ಅನ್ನುವುದು ಸುಲಭವಾಗಿ ಸಿಗುತ್ತದೆ.

ಇಲ್ಲಿಗೆ ಬಂದವರು 18ನೇ ಬೀದಿ ಮತ್ತು ವೈನ್ ಬೀದಿ ಕೂಡುವ ಜಾಗಕ್ಕೆ ಹೋಗಿ. ಕರಿಯ ಆಟಗಾರರ ಲೀಗ್‌ಗಳ ಬೇಸ್‌ಬಾಲ್ ಮ್ಯೂಸಿಯಂ ಮತ್ತು ಜಾಝ್ ಮ್ಯೂಸಿಯಂ ಒಂದೇ ಕಟ್ಟಡದಲ್ಲಿವೆ. 1920ರಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿದ್ದು ಅಲ್ಲೇ ಹತ್ತಿರದ ವೈಎಂಸಿಎ ಕಟ್ಟಡದಲ್ಲಿ. 1953ರಲ್ಲಿ ಟೊರಾಂಟೊದಲ್ಲಿ ಪಾರ್ಕರ್ ನುಡಿಸಿದ ಪ್ಲಾಸ್ಟಿಕ್ ಸ್ಯಾಕ್ಸೊಫೋನ್ ಜಾಝ್ ಮ್ಯೂಸಿಯಂನಲ್ಲಿದೆ. ಅರ್ಧ ದಿನ ಇಟ್ಟುಕೊಳ್ಳಿ. ಶುಕ್ರವಾರವೋ ಶನಿವಾರವೋ ಆದರೆ ರಾತ್ರಿ ಹೈಲ್ಯಾಂಡ್ ಅವೆನ್ಯೂದ ಮ್ಯೂಚುವಲ್ ಮ್ಯೂಸಿಷಿಯನ್ಸ್ ಫೌಂಡೇಷನ್‌ನಲ್ಲಿ ನಡುರಾತ್ರಿ ದಾಟಿದ ಮೇಲೆ ವಾದಕರೆಲ್ಲ ಸೇರಿ ನುಡಿಸುವ ಜ್ಯಾಮ್ ನಡೆಯುವ ರೂಢಿ. ಹೊರಡುವ ಮುಂಚೆ ಒಮ್ಮೆ ವಿಚಾರಿಸಿ. ಡ್ರಮ್ಸ್ ಹತ್ತಿರದ ಕುರ್ಚಿ ಹಿಡಿಯಿರಿ, ಡಬಲ್ ಬೇಸ್ ನುಡಿಸುವವರ ಎಡಗೈ ಕಾಣುವ ಹಾಗಿರಲಿ. ವಾದಕರಿಗೆ ಕೊಡಲು ಜೇಬಲ್ಲಿ ಚಿಲ್ಲರೆ ನೋಟು ಇರಲಿ.