ಎಚ್‌ಪಿಎಲ್‌ಸಿಯಲ್ಲಿ ಕಾಣೆಯಾಗುವ ಪೀಕ್: ಬೆಂಜಾಯಿಲ್ ಸಿಪ್ರೋಫ್ಲಾಕ್ಸಸಿನ್ ಮಾಡುವಾಗಿನ ನನ್ನ ಅನುಭವ

ಸಿಪ್ರೋಫ್ಲಾಕ್ಸಸಿನ್ ಎಂಬ ಪ್ರತಿಜೀವಕಕ್ಕೆ ಬೆಂಜಾಯಿಲ್ ಗುಂಪು ಅಂಟಿಸುವ ಈ ಕೆಲಸವನ್ನು ಮಂಗಳೂರಿನ ಜುಲೈಯಲ್ಲಿ ಶುರುಮಾಡುವ ಮುಂಚೆ ನಾನು ಬೆಂಜಾಯಿಲ್ ಕ್ಲೋರೈಡ್ ಬಾಟಲಿಯ ಬಾಯಿ ನೋಡುತ್ತೇನೆ. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದ್ದರೆ ತೇವ ಒಳಹೊಕ್ಕು ಬೆಂಜೋಯಿಕ್ ಆಮ್ಲ ಆಗಿದೆ. ಆ ಬಾಟಲಿ ಬೇಡ. ಸಿಪ್ರೋಫ್ಲಾಕ್ಸಸಿನ್ ಶುದ್ಧ ಪುಡಿಯೇ ಆಗಬೇಕು. ಮಾತ್ರೆ ಅರೆದರೆ ಮೆಗ್ನೀಸಿಯಂ ಸ್ಟಿಯರೇಟ್ ಜೊತೆಗೇ ಬರುತ್ತದೆ, ಆ ಲೋಹ ಕ್ವಿನೊಲೋನ್‌ಗೆ (ಸಿಪ್ರೋಫ್ಲಾಕ್ಸಸಿನ್ ಸೇರಿದ ಔಷಧ ಗುಂಪು) ಅಂಟಿಕೊಳ್ಳುತ್ತದೆ.

ಸಿಪ್ರೋಫ್ಲಾಕ್ಸಸಿನ್ ಹೈಡ್ರೋಕ್ಲೋರೈಡ್ ಮಾನೋಹೈಡ್ರೇಟ್ 3.86 ಗ್ರಾಂ, ಅಂದರೆ 10 ಮಿಲಿಮೋಲ್. ಅದನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 22 ಮಿ.ಲೀ.ಯಲ್ಲಿ ಕರಗಿಸಿ ಐಸ್‌ನಲ್ಲಿಟ್ಟು, 1.3 ಮಿ.ಲೀ. ಬೆಂಜಾಯಿಲ್ ಕ್ಲೋರೈಡನ್ನು ಅರ್ಧ ಗಂಟೆಯಲ್ಲಿ ಹನಿಹನಿಯಾಗಿ ಬಿಡಬೇಕು. ಜೊತೆಜೊತೆಗೆ ಕ್ಷಾರವನ್ನೂ ಹಾಕುತ್ತಾ ಪಿಎಚ್ 9–10ರಲ್ಲಿ ಹಿಡಿದಿಡಿ. 7ರ ಆಸುಪಾಸಿಗೆ ಇಳಿಯಿತೋ, ಸಿಪ್ರೋಫ್ಲಾಕ್ಸಸಿನ್ ತಾನೇ ಗಂಜಿಯಂತೆ ಹೊರಬೀಳುತ್ತದೆ, ಬೆಂಜಾಯಿಲ್ ಕ್ಲೋರೈಡ್ ನೀರಿನೊಂದಿಗೆ ವರ್ತಿಸಿ ವ್ಯರ್ಥವಾಗುತ್ತದೆ.

ಕೊನೆಗೆ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2ಕ್ಕೆ ತನ್ನಿ. ಉಳಿದ ಮೂಲವಸ್ತು ಆಮ್ಲದಲ್ಲಿ ಕರಗಿಯೇ ಇರುತ್ತದೆ. ಉತ್ಪನ್ನದ ಪಿಪರೆಜಿನ್ ಸಾರಜನಕ (ಬೆಂಜಾಯಿಲ್ ಅಂಟಿದ ಜಾಗ) ಅಮೈಡ್ ಆಗಿಬಿಟ್ಟು ಆಮ್ಲದಲ್ಲಿ ಧನ ಆವೇಶ ಪಡೆಯಲಾರದ್ದರಿಂದ ಅದು ತಳಕ್ಕೆ ಕೂರುತ್ತದೆ. ಜೊತೆಗೆ ಬೆಂಜೋಯಿಕ್ ಆಮ್ಲವೂ. ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದರೆ ಹೋಗುತ್ತದೆ.

ರಿಯಾಕ್ಷನ್ ಎಷ್ಟಾಗಿದೆ ಎಂದು ನೋಡುವ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ತಟ್ಟೆಯನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸದಿದ್ದರೆ ನಮ್ಮ ಮಳೆಗಾಲದಲ್ಲಿ ಆರ್‌ಎಫ್ (ಚುಕ್ಕೆ ಏರಿದ ದೂರದ ಅನುಪಾತ) ದಿನಕ್ಕೊಂದು. ತಟ್ಟೆ ಓಡಿಸುವ ಕ್ಲೋರೋಫಾರ್ಮ್, ಮೆಥನಾಲ್ ಮಿಶ್ರಣಕ್ಕೆ ಅಮೋನಿಯಾ ಕೆಲವು ಹನಿ ಸೇರಿಸದಿದ್ದರೆ ಚುಕ್ಕೆ ಬಾಲ ಎಳೆಯುತ್ತದೆ. 365 ನ್ಯಾನೋಮೀಟರ್‌ನ ಯುವಿ ಬೆಳಕಿನಲ್ಲಿ ಮೂಲವಸ್ತುವೂ ನೀಲಿ, ಉತ್ಪನ್ನವೂ ನೀಲಿ. ಬಣ್ಣ ನಂಬಬೇಡಿ.

ಹೊಸಬರು ಎಡವುವುದು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣವನ್ನು ಒತ್ತಡದಲ್ಲಿ ಕಾಲಮ್ ಮೂಲಕ ಹಾಯಿಸಿ ಬೇರ್ಪಡಿಸುವ ವಿಧಾನ; ಹೊರಬರುವ ಪ್ರತಿ ವಸ್ತು ಒಂದು ಪೀಕ್ ಆಗಿ ಕಾಣುತ್ತದೆ). ಜಿಡ್ಡಿನ ಗುಣದ ವಸ್ತುವನ್ನು ಹಿಡಿದಿಡುವ ಸಿ18 ಕಾಲಮ್, 278 ನ್ಯಾನೋಮೀಟರ್, ಟ್ರೈಇಥೈಲಮೀನ್‌ನಿಂದ ಪಿಎಚ್ 3ಕ್ಕೆ ತಂದ 0.025 ಮೋಲಾರ್ ಫಾಸ್ಫಾರಿಕ್ ಆಮ್ಲ 87 ಭಾಗ, ಅಸಿಟೋನೈಟ್ರೈಲ್ 13 ಭಾಗ: ಇದು ಸಿಪ್ರೋಫ್ಲಾಕ್ಸಸಿನ್‌ಗೆ ಒಪ್ಪುವ ಪದ್ಧತಿ. ಅದರಲ್ಲೇ ಓಡಿಸಿದರೆ ಮೂಲವಸ್ತುವಿನ ಸಣ್ಣ ಪೀಕ್ ಮಾತ್ರ ಕಾಣುತ್ತದೆ, 'ರಿಯಾಕ್ಷನ್ ಆಗಲೇ ಇಲ್ಲ' ಎಂದು ಫ್ಲಾಸ್ಕ್ ತೊಳೆದುಬಿಡುತ್ತಾರೆ. ಧನ ಆವೇಶ ಕಳೆದುಕೊಂಡು ಜಿಡ್ಡಿನ ಗುಣದ ಫೀನೈಲ್ ಗುಂಪು ಪಡೆದ ಉತ್ಪನ್ನ ಕಾಲಮ್‌ನಲ್ಲೇ ಕೂತಿದೆ! ಮುಂದಿನ ಇಂಜೆಕ್ಷನ್‌ಗಳ ನಡುವೆ ಅಗಲವಾದ ದಿಬ್ಬವೊಂದು ಎದ್ದರೆ ಅದೇ ಅದು. ಅಸಿಟೋನೈಟ್ರೈಲನ್ನು 20 ನಿಮಿಷದಲ್ಲಿ 13ರಿಂದ 60 ಶೇಕಡಕ್ಕೆ ಏರಿಸಿ, ಚೂಪಾಗಿ ಬರುತ್ತದೆ. ಮಾಸ್ ಸ್ಪೆಕ್ಟ್ರಮ್‌ನಲ್ಲಿ (ಅಣುವಿನ ತೂಕ ಅಳೆಯುವ ಪರೀಕ್ಷೆ) ಉತ್ಪನ್ನಕ್ಕೆ 436 ಸಿಗಬೇಕು.